ವೆಂಕೋಬ ಮಾಸ್ತರು ರುಚಿ ನೋಡಿದ್ದು

ಅಷ್ಟು ದೊಡ್ಡ ರಾದ್ಧಾಂತಕ್ಕೆ ಕಾರಣವಾಗಿದ್ದು ಒಂದೇ ಒಂದು ಚಮಚ ಸಾಂಬಾರು. ಅದೂ ತುಂಬಿದ ಚಮಚವಲ್ಲ.

ವೆಂಕೋಬ ಮಾಸ್ತರನ್ನು ಹಾಸಿಗೆಗೆ ಕೆಡವಿದ್ದ ವೈರಲ್ ಜ್ವರ ಬಿಟ್ಟುಹೋಗಿ ಬಹಳ ದಿನವಾಗಿತ್ತು. ಆದರೆ ಬೀಗರು ಊರಿಗೆ ಹೊರಡುವಾಗ ಒಂದು ಗಂಟನ್ನು ಮರೆತು ಹೋಗುವ ಹಾಗೆ, ಅದು ಹೊಟ್ಟೆಯ ತಕರಾರನ್ನು ಇಲ್ಲೇ ಬಿಟ್ಟುಹೋಗಿತ್ತು. ಮುಂಜಾನೆ ಕುಡಿದ ಚಹಾ ಪ್ರಾರ್ಥನೆ ಮುಗಿಯುವವರೆಗೆ ಹೊಟ್ಟೆಯಲ್ಲಿ ನಿಂತರೆ ಅದೇ ಪುಣ್ಯ. ಲಿಂಗಸೂಗೂರಿನ ಡಾಕ್ಟರು, "ಜ್ವರ ಹೋದ್ರೂ ಹೊಟ್ಟಿ ಸುಧಾರಿಸ್ಕೊಳ್ಳಾಕ ಟೈಮ್ ಬೇಕ್ರಿ. ಮಜ್ಜಿಗಿ ಅನ್ನ, ಗಂಜಿ, ಬಾಳೆಹಣ್ಣು, ಇಷ್ಟ. ಹುಳಿ ಖಾರದ ಕಡೆ ಹೊಳ್ಳಿ ಸೈತ ನೋಡಬ್ಯಾಡ್ರಿ" ಎಂದು ಹೇಳಿ ಕಳಿಸಿದ್ದರು. ಹೆಂಡತಿ ರೇಣುಕಾದೇವಿಗೆ ಆ ಮಾತೇ ವೇದವಾಕ್ಯ. ಮಸ್ಕಿಯ ಮನೆಯಿಂದ ಗಂಡ ಹೊರಡುವಾಗ ಮಜ್ಜಿಗೆ ಅನ್ನದ ಡಬ್ಬಿ ಕೈಗಿಟ್ಟು, "ಹೊರಗಿಂದು ಒಂದು ಅಗಳು ಬಾಯಿಗೆ ಹಾಕಿದ್ರ ನನ್ನ ಮ್ಯಾಲ ಆಣಿ ಐತಿ" ಎನ್ನುತ್ತಿದ್ದಳು.

ಮಾಸ್ತರ ಶಾಲೆ ಇದ್ದದ್ದು ತೊಗರಿಗುಡ್ಡದಲ್ಲಿ. ಪಾಮನಕಲ್ಲೂರಿನ ಬಸ್ಸಿನಿಂದ ನಡುದಾರಿಯಲ್ಲಿ ಇಳಿದು, ಎರೆಹೊಲಗಳ ನಡುವೆ ನಡೆದು ಹೋಗಬೇಕಾದ ಸಣ್ಣ ಊರು. ಸರಕಾರಿ ಶಾಲೆ ಅಂದಮೇಲೆ ಬಿಸಿಯೂಟ, ಬಿಸಿಯೂಟ ಅಂದಮೇಲೆ ನಿಯಮ. ಮಕ್ಕಳಿಗೆ ಬಡಿಸುವ ಮೊದಲು ಮಾಸ್ತರೊಬ್ಬರು ರುಚಿ ನೋಡಬೇಕು. ದಿನವೂ ನೋಡುತ್ತಿದ್ದ ಗಾಯತ್ರಿ ಟೀಚರು ಅಂದು ತರಬೇತಿಗೆಂದು ಸಿಂಧನೂರಿಗೆ ಹೋಗಿದ್ದರು. ಹೆಡ್ ಮಾಸ್ತರ್ ಕರಿಬಸಯ್ಯನವರಿಗೆ ಸೋಮವಾರದ ಉಪವಾಸ. ಉಳಿದವರು ಒಬ್ಬರೇ.

"ಬ್ಯಾಡ್ರಿ ಸರ, ನನ್ನ ಹೊಟ್ಟಿ ಹಕೀಕತ್ತು ನಿಮಗ ಗೊತ್ತೈತಲ್ಲ" ಎಂದು ವೆಂಕೋಬ ಮಾಸ್ತರು ಅಂಗಲಾಚಿದರು.

"ಒಂದು ಚಮಚ ಸಾಂಬಾರು ಹೊಟ್ಟಿ ತನಕ ಹೋಗೂದಿಲ್ರಿ. ನಾಲಿಗಿ ಮ್ಯಾಲ ಆರಿ ಹೋಗ್ತೈತಿ" ಎಂದರು ಕರಿಬಸಯ್ಯ. ಉಪವಾಸ ಇದ್ದವರಿಗೆ ಊಟದ ವಿಷಯದಲ್ಲಿ ಧೈರ್ಯ ಹೆಚ್ಚು.

ಸಾಂಬಾರು ನಾಲಿಗೆಯ ಮೇಲೆ ಆರಲಿಲ್ಲ. ಅಡುಗೆಯ ಯಮನೂರಮ್ಮ ಸೌಟು ಹಿಡಿದುಕೊಂಡು, "ಉಪ್ಪು ಬರಾಬರಿ ಐತೇನ್ರಿ ಸರ?" ಎಂದು ಕೇಳುತ್ತಿರುವಾಗಲೇ ಮಾಸ್ತರ ಹೊಟ್ಟೆಯಲ್ಲಿ ಟ್ರ್ಯಾಕ್ಟರ್ ಚಾಲೂ ಆಯಿತು. ಅವರು ಚಮಚವನ್ನು ಆಕೆಯ ಕೈಗೆ ತುರುಕಿ, ಹೊಟ್ಟೆ ಹಿಡಿದುಕೊಂಡು, ತಾಟು ಹಿಡಿದು ಕುಳಿತಿದ್ದ ಮಕ್ಕಳ ಸಾಲುಗಳ ನಡುವೆ ಹಾದು ಶಾಲೆಯ ಹಿಂದಿನ ಪಾಯಖಾನೆಗೆ ಓಡಿದರು.

ಅದನ್ನು ಬೇವಿನ ಗಿಡದ ಕೆಳಗೆ ಕುಳಿತಿದ್ದ ದ್ಯಾವಪ್ಪ ನೋಡಿದ. ದ್ಯಾವಪ್ಪ ಶಾಲಾ ಸಮಿತಿಯ ಅಧ್ಯಕ್ಷ. ತನ್ನ ತಮ್ಮನ ಹೆಂಡತಿಯನ್ನು ಅಡುಗೆ ಕೆಲಸಕ್ಕೆ ಸೇರಿಸಬೇಕೆಂದು ಅವನಿಗೆ ಬಹಳ ದಿನದ ಆಸೆ. ಇದ್ದದ್ದು ಒಂದೇ ಅಡ್ಡಿ, ಯಮನೂರಮ್ಮ ಒಳ್ಳೆಯ ಅಡುಗೆ ಮಾಡುತ್ತಿದ್ದಳು.

"ಯಾರೂ ಉಣಬ್ಯಾಡ್ರಿ, ತಾಟು ಕೆಳಗಿಡ್ರಿ. ಸಾಂಬಾರಿನ್ಯಾಗ ಏನೋ ಬಿದ್ದೈತಿ" ಎಂದು ಅವನು ಎದ್ದು ನಿಂತ.

'ಏನೋ' ಎನ್ನುವುದು ಶಾಲೆಯ ಗೇಟು ದಾಟುವಷ್ಟರಲ್ಲಿ ಹಲ್ಲಿಯಾಯಿತು. ಕಿರಾಣಿ ಅಂಗಡಿ ಮುಟ್ಟುವಷ್ಟರಲ್ಲಿ ಹಾವಿನ ಮರಿಯಾಯಿತು. ಕೆಲಸದ ಮೇಲಿದ್ದ ತಾಯಂದಿರು ಕುಡುಗೋಲು ಹಿಡಿದುಕೊಂಡೇ ಹೊಲದಿಂದ ಓಡಿ ಬಂದರು. ತಾಯಂದಿರು ಅಳುವುದನ್ನು ನೋಡಿ, ಒಂದು ಅಗಳೂ ಉಣ್ಣದ ಮಕ್ಕಳು ಹೊಟ್ಟೆನೋವೆಂದು ನೆಲದ ಮೇಲೆ ಹೊರಳಾಡತೊಡಗಿದರು. ಹಸಿವಿನ ನೋವೂ ಹೊಟ್ಟೆಯದೇ ನೋವಲ್ಲವೇ.

ವೆಂಕೋಬ ಮಾಸ್ತರು ಮುಖ ತೊಳೆದುಕೊಂಡು, ಜನ್ಮ ಹಗುರಾದಂತಾಗಿ, ಪಾಯಖಾನೆಯ ಬಾಗಿಲು ತೆರೆದರು. ಇಡೀ ಊರು ಆ ಬಾಗಿಲಿಗೆ ಮುಖ ಮಾಡಿ ನಿಂತಿತ್ತು.

"ಜೀವ ಐತೇನ್ರಿ ಮಾಸ್ತರ?" ಎಂದಳು ಒಬ್ಬ ಮುದುಕಿ.

ಅಷ್ಟು ಹೊತ್ತಿಗೆ ಜೀಪೊಂದು ಬಂದು ನಿಂತಿತು. ಜಿಲ್ಲೆಯ ಬಿಸಿಯೂಟ ನೋಡಿಕೊಳ್ಳುವ ಸಂಗನಬಸವ ಸಾಹೇಬರು ತಪಾಸಣೆಗೆಂದು ಮಸ್ಕಿಗೆ ಬಂದಿದ್ದರು. ದ್ಯಾವಪ್ಪನ ಫೋನು ಅವರನ್ನು ಎಳೆದು ತಂದಿತ್ತು. ಸಾಹೇಬರು ಇಳಿದವರೇ ಸಾಂಬಾರಿನ ಪಾತ್ರೆಯಲ್ಲಿ ಸೌಟು ಆಡಿಸಿ ನೋಡಿದರು. ನುಗ್ಗೆಕಾಯಿ ಸಿಕ್ಕಿತು, ಬದನೆಕಾಯಿ ಸಿಕ್ಕಿತು. ಹಾವು ಸಿಗಲಿಲ್ಲ.

"ಸರ, ಸಾಂಬಾರಿಂದೇನೂ ತಪ್ಪಿಲ್ರಿ. ನನಗ ಜ್ವರ ಬಂದಿತ್ತು, ಆವಾಗಿಂದ ನನ್ನ ಹೊಟ್ಟೀನ ಸರಿ ಇಲ್ಲ" ಎಂದು ವೆಂಕೋಬ ಮಾಸ್ತರು ಮುಂದೆ ಬಂದರು.

"ಮುಂಜಾನಿಂದ ಸುಮ್ಮನಿದ್ದ ಹೊಟ್ಟಿ ಸಾಂಬಾರು ಬಿದ್ದಕೂಡ್ಲೆ ಯಾಕ ಎದ್ದಿತ್ರಿ?" ಎಂದು ದ್ಯಾವಪ್ಪ ಕೇಳಿದ. ಜನ ಹೌದೌದು ಎಂದರು. ಕೋರ್ಟಿನಲ್ಲೂ ಇಂಥ ಪ್ರಶ್ನೆಗೆ ಉತ್ತರ ಸಿಗುವುದು ಕಷ್ಟ.

ಮಾಸ್ತರು ಕರಿಬಸಯ್ಯನವರ ಮುಖ ನೋಡಿದರು. ಹೊಟ್ಟೆ ಸರಿಯಿಲ್ಲದವನಿಗೆ ರುಚಿ ನೋಡಲು ಹಚ್ಚಿದ್ದು ಯಾರು ಎಂದು ಸಾಹೇಬರು ಕೇಳಿದರೆ ಏನು ಗತಿ ಎನ್ನುವ ಲೆಕ್ಕ ಆ ಮುಖದಲ್ಲಿ ಆಗಲೇ ಮುಗಿದಿತ್ತು. "ಅವರ ತಬಿಯತ್ತಿನ ಬಗ್ಗೆ ನನಗೇನೂ ಮಾಲೂಮಿಲ್ರಿ" ಎಂದು ಅವರು ವಿಭೂತಿ ಸರಿಮಾಡಿಕೊಂಡರು.

ಸಾಹೇಬರು ನಿಟ್ಟುಸಿರುಬಿಟ್ಟರು. "ಅಡುಗಿ ಚೆಲ್ರಿ. ಪರೀಕ್ಷಾ ಆಗೂ ತನಕ ಯಮನೂರಮ್ಮ ಕೆಲಸಕ್ಕ ಬರೂದು ಬ್ಯಾಡ."

"ನಾ ಉಣ್ತೀನ್ರಿ ಸಾಹೇಬ್ರ, ನಿಮ್ಮ ಮುಂದನ ಉಣ್ತೀನಿ" ಎಂದಳು ಯಮನೂರಮ್ಮ. ಆಕೆ ಅಳಲಿಲ್ಲ. ಸೌಟನ್ನು ಆಗಲೇ ಪಾತ್ರೆಗೆ ಇಳಿಸಿದ್ದಳು.

"ಕೆಲಸ ಉಳಸ್ಕೊಳ್ಳಾಕ ನೀ ವಿಷಾನೂ ಉಣ್ತಿ. ಅದು ನಡೆಯಂಗಿಲ್ಲ."

ವೆಂಕೋಬ ಮಾಸ್ತರು ಸಾಂಬಾರಿನ ಪಾತ್ರೆಯ ಹತ್ತಿರ ಬಂದರು. ತಪ್ಪು ತಮ್ಮ ಹೊಟ್ಟೆಯದು, ಅನ್ನ ಹೋಗುವುದು ಆಕೆಯ ಹೊಟ್ಟೆಯದು. ಇದನ್ನು ಕಣ್ಣಾರೆ ಕಂಡು ಮಜ್ಜಿಗೆ ಅನ್ನದ ಡಬ್ಬಿ ಬಿಚ್ಚಿಕೊಂಡು ಕೂರುವಷ್ಟು ಅವರು ಕೆಟ್ಟವರಲ್ಲ.

"ಸರ, ನಾ ಉಣ್ಲೇನ್ರಿ?" ಎಂದರು ಅವರು. ಅಂದ ಮೇಲೆ, ಅಂದಿದ್ದು ತಾವೇನಾ ಎಂದು ಅನುಮಾನವಾಯಿತು.

ಸಾಹೇಬರಿಗೆ ಅದು ಪಸಂದಾಯಿತು. "ಇದು ನ್ಯಾಯ. ಓಡಿ ಹೋದವರ ಉಣ್ಲಿ. ಒಂದು ತಾಟು ಪೂರ್ತಿ ಉಂಡು, ಅರ್ಧ ತಾಸು ಎಲ್ಲರ ಮುಂದ ಕುಂದ್ರಬೇಕು. ಎದ್ದು ಹೋದ್ರೋ, ಯಮನೂರಮ್ಮನೂ ಮನಿಗೆ ಹೋದಂಗ."

ಕಟ್ಟೆಯ ಮೇಲೆ ಕುರ್ಚಿ ಹಾಕಿದರು. ಯಮನೂರಮ್ಮ ಅನ್ನ ಬಡಿಸಿದಳು, ಸಾಂಬಾರು ಹಾಕಿದಳು. ತನಗಾಗಿ ಬಲಿಯಾಗಲು ಕುಳಿತವರನ್ನು ಕಂಡು ಕರುಳು ಕರಗಿ ಇನ್ನೊಂದು ಸೌಟು ಸಾಂಬಾರು ಹಾಕಿದಳು. "ತಟಗು ಸಾಕವಾ" ಎಂಬ ಮಾಸ್ತರ ಮಾತು ಆಕೆಗೆ ಕೇಳಲೇ ಇಲ್ಲ.

ಮಾಸ್ತರು ಹೆಂಡತಿಯ ಆಣೆಯನ್ನು ನೆನೆದು ಮನಸ್ಸಿನಲ್ಲೇ ಕೈಮುಗಿದು ಮೊದಲ ತುತ್ತು ಬಾಯಿಗಿಟ್ಟರು. ರುಚಿಯಾಗಿತ್ತು. ಅದೇ ದುಃಖ. ಎಷ್ಟೋ ದಿನದ ಮೇಲೆ ನಾಲಿಗೆಗೆ ಹುಳಿ ಖಾರ ತಾಗಿ ಕಣ್ಣಲ್ಲಿ ನೀರು ಬಂತು. "ಅಳಾಕತ್ಯಾರ" ಎಂದು ಜನ ಗುಸುಗುಸು ಮಾಡಿದರು. ತಾಟು ಖಾಲಿಯಾಯಿತು. ಸಾಹೇಬರು ಗಡಿಯಾರ ನೋಡಿಕೊಂಡರು.

ಮೊದಲ ಕೆಲವು ನಿಮಿಷ ಹೊಟ್ಟೆ ಏನೂ ಅನ್ನಲಿಲ್ಲ. ಅಪರಿಚಿತರು ಮನೆಗೆ ಬಂದಾಗ ನಾಯಿ ಮೊದಲು ಸುಮ್ಮನೆ ಮೂಸಿ ನೋಡುತ್ತದಲ್ಲ, ಹಾಗೆ. ಆಮೇಲೆ ಗುರ್ ಎಂದಿತು.

"ಅದೇನ್ರಿ ಸಪ್ಪಳ?" ಎಂದ ದ್ಯಾವಪ್ಪ.

"ಕುರ್ಚೀದು" ಎಂದರು ಮಾಸ್ತರು.

ಅವರು ಕಾಲಿನ ಮೇಲೆ ಕಾಲು ಹಾಕಿದರು. ತೆಗೆದರು. ಮತ್ತೆ ಹಾಕಿದರು. ಹಣೆಯಿಂದ ಬೆವರು ಇಳಿಯತೊಡಗಿತು. ಹತ್ತೊಂಬತ್ತರ ಮಗ್ಗಿಯನ್ನು ಮನಸ್ಸಿನಲ್ಲೇ ಹೇಳಿಕೊಂಡರು, ತಿರುಗಾಮುರುಗಾ ಹೇಳಿಕೊಂಡರು. ಅಷ್ಟರಲ್ಲಿ ಯಾರೋ ನೀರಿನ ಟ್ಯಾಂಕಿನ ನಲ್ಲಿ ತಿರುಗಿಸಿದರು. ಸುರ್ರನೆ ನೀರು ಬೀಳುವ ಸದ್ದಿಗೆ ಮಾಸ್ತರು ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆ ನೀರು ನಿಲ್ಲಿಸಿ ಎಂದು ಹೇಳಲು ಬಾಯಿ ತೆರೆದರೆ ಉಳಿದದ್ದೆಲ್ಲ ಕೈಮೀರುತ್ತದೆ ಎನಿಸಿ ಸುಮ್ಮನಾದರು.

"ಮಾಸ್ತರ ಮಾರಿ ಬಿಳಚಿ ಹೋಗೈತ್ರಿ" ಎಂದ ದ್ಯಾವಪ್ಪ.

"ನಾ ಹುಟ್ಟಿದಾಗಿಂದ ಹಿಂಗ" ಎಂದರು ಮಾಸ್ತರು. ಆ ಎರಡು ಮಾತಿಗೆ ಅವರು ಪಟ್ಟ ಕಷ್ಟ ಅವರಿಗೇ ಗೊತ್ತು.

ಯಮನೂರಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಅವರನ್ನೇ ನೋಡುತ್ತಿದ್ದಳು. ಹೊಟ್ಟೆ ಒಮ್ಮೆ ಕೊನೆಯ ಸಲ ಎಂಬಂತೆ ತಿರುಚಿಕೊಂಡಾಗ ಮಾಸ್ತರಿಗೆ ಪೂರಾ ಸೋತೆ ಎನಿಸಿತು. ಆಕೆಯ ಕಣ್ಣುಗಳನ್ನು ನೋಡಿದರು. ಮತ್ತೆ ಹತ್ತೊಂಬತ್ತರ ಮಗ್ಗಿ ಹಿಡಿದರು.

"ಆತು" ಎಂದರು ಸಾಹೇಬರು. "ಊಟ ಚಲೋ ಐತಿ. ಮಕ್ಕಳಿಗೆ ಬಡಸ್ರಿ."

ಮಕ್ಕಳು ಹೊಟ್ಟೆನೋವು ಮರೆತು ತಾಟಿಗೆ ಬಿದ್ದರು. ತಾಯಂದಿರೂ ಕುಡುಗೋಲು ಬದಿಗಿಟ್ಟು ರುಚಿ ನೋಡಿದರು. ದ್ಯಾವಪ್ಪ ಕೂಡ, ಸಮಿತಿಯ ಪರವಾಗಿ ಪರೀಕ್ಷೆ ಮಾಡುತ್ತೇನೆಂದು ಹೇಳಿ ಎರಡು ತಾಟು ಬಾರಿಸಿದ. ವೆಂಕೋಬ ಮಾಸ್ತರು ಗೋಡೆ ಹಿಡಿದು, ತುಂಬಿದ ಕೊಡ ಹೊತ್ತವರ ಹಾಗೆ ಅಲುಗಾಡದೆ, ಪಾಯಖಾನೆಯ ಕಡೆ ಹೊರಟರು.

ಸಾಹೇಬರು ಅವರ ರಟ್ಟೆ ಹಿಡಿದರು. "ಎಲ್ಲಿಗೆ ಹೊಂಟ್ರಿ? ನಿಮ್ಮೂರ ಹಾವಿನ ಸುದ್ದಿ ಫೋನಿನ್ಯಾಗ ಸಿಂಧನೂರು ದಾಟಿ ಆರ್.ಎಚ್. ಕ್ಯಾಂಪಿನ ಸಾಲಿ ತನಕ ಹೋಗೈತಿ. ಅಲ್ಲಿನ ಮಂದಿ ನಾಳಿಂದ ಮಕ್ಕಳಿಗೆ ಬಿಸಿಯೂಟ ಬ್ಯಾಡಂತ ಕುಂತಾರ. ನೀವು ಬಂದು ಮಾರಿ ತೋರಿಸ್ರಿ. ಉಂಡಾವ್ರು ಹೆಂಗ ಆರಾಮ ಅದಾರ ನೋಡ್ಲಿ."

"ಸರ, ಒಂದೈದು ನಿಮಿಷ..."

"ಜಲ್ದಿ ಹತ್ರಿ. ಅಲ್ಲಿ ಮುಟ್ಟೂ ತನಕ ನೀವು ಆರಾಮ ಇದ್ರ ಯಮನೂರಮ್ಮನ ಕೇಸು ಕಾಗದದ ಮ್ಯಾಲೂ ಅಲ್ಲಿಗೇ ಬಂದ್ ಮಾಡ್ತೀನಿ."

"ನಾನೂ ಬರ್ತೀನ್ರಿ. ಒಬ್ಬರು ಸಾಕ್ಷಿ ಬೇಕಲ್ಲ" ಎಂದು ದ್ಯಾವಪ್ಪ ಮಾಸ್ತರ ಪಕ್ಕದಲ್ಲೇ ಹತ್ತಿ ಕುಳಿತ.

ಜೀಪು ಹೊರಟಿತು. ಆ ರಸ್ತೆಯಲ್ಲಿ ತಗ್ಗುಗಳ ನಡುವೆ ಅಲ್ಲಲ್ಲಿ ರಸ್ತೆ ಇತ್ತು. ಪ್ರತಿ ತಗ್ಗಿಗೂ ಮಾಸ್ತರು ಕಣ್ಣು ಮುಚ್ಚಿ ಕುಲದೇವರನ್ನು ನೆನೆದರು. ಮಸ್ಕಿ ಬಂತು. ಅವರ ಮನೆಯ ಓಣಿ ಹಾದುಹೋಯಿತು, ಬಸ್ ಸ್ಟ್ಯಾಂಡಿನ ಪಾಯಖಾನೆಯೂ ಹಾದುಹೋಯಿತು. ಮಾಸ್ತರು ಅದನ್ನು ತವರುಮನೆ ಬಿಟ್ಟುಹೋಗುವ ಮಗಳ ಹಾಗೆ ಹೊರಳಿ ನೋಡಿದರು.

ಮಸ್ಕಿ ದಾಟಿ ಸ್ವಲ್ಪ ದೂರ ಹೋಗಿರಬೇಕು. ಪಕ್ಕದಿಂದ ಗುರ್ ಎಂಬ ಸಪ್ಪಳ ಕೇಳಿತು. ಈ ಸಲ ಅದು ಮಾಸ್ತರದಲ್ಲ.

"ಮಾಸ್ತರ, ಗಾಡಿ ನಿಲ್ಲಿಸು ಅಂತ ಹೇಳ್ರಿ" ಎಂದು ದ್ಯಾವಪ್ಪ ಕಿವಿಯಲ್ಲಿ ಉಸುರಿದ. ಅವನ ಮುಖ ಹುಣಸೆಹಣ್ಣಾಗಿತ್ತು.

"ಯಾಕ?"

"ನನಗೂ ಅದ ಜ್ವರ ಬಂದಿತ್ರಿ. ಇನ್ನಾ ಹೊಟ್ಟಿ ಸರಿ ಇಲ್ಲ, ಮನ್ಯಾಗ ಬರೇ ಗಂಜಿ ಕುಡ್ಯಾಕತ್ತೀನಿ. ಬಾಯಿ ಚಪಲಕ್ಕ ಎರಡು ತಾಟು ಉಂಡುಬಿಟ್ಟೆ."

ವೆಂಕೋಬ ಮಾಸ್ತರು ಅವನ ಮುಂಗೈಯನ್ನು ಬಿಗಿಯಾಗಿ ಹಿಡಿದರು. ಇವನು ಇಳಿದರೆ ಮುಗಿಯಿತು. ಇಷ್ಟು ಹೊತ್ತು ಒಂದು ಹೊಟ್ಟೆ ಕಾಯುವುದೇ ಸಾಕುಸಾಕಾಗಿತ್ತು, ಈಗ ಎರಡು ಕಾಯಬೇಕಾಗಿ ಬಂತು. "ಹತ್ತೊಂಬತ್ತರ ಮಗ್ಗಿ ಅನ್ರಿ" ಎಂದು ಪಿಸುಗುಟ್ಟಿದರು.

"ನಾ ಸಾಲಿ ಕಲ್ತಾವಲ್ರಿ" ಎಂದ ದ್ಯಾವಪ್ಪ, ಮತ್ತು ಕೈ ಕಿತ್ತುಕೊಂಡು, "ಗಾಡಿ ನಿಲ್ಲಸ್ರಿ" ಎಂದು ಕೂಗಿದ. ಜೀಪು ಪೂರ್ತಿ ನಿಲ್ಲುವ ಮೊದಲೇ ಬಾಗಿಲು ತೆರೆದು ಜಿಗಿದು ತೊಗರಿ ಹೊಲದೊಳಗೆ ಮಾಯವಾದ.

ಸಾಹೇಬರು ಮುಂದಿನ ಸೀಟಿನಿಂದ ನಿಧಾನವಾಗಿ ಹಿಂದೆ ತಿರುಗಿದರು. "ಇವರೂ ಅದ ಸಾಂಬಾರು ಉಂಡಾರಲ್ಲ?"

"ಉಂಡಾರ್ರಿ. ಆದ್ರ ಅದು ಸಾಂಬಾರಿಂದಲ್ರಿ. ಅವರಿಗೂ ಜ್ವರ ಬಂದಿತ್ತಂತ."

"ಮೊದಲ ನೀವೂ ಇದನ್ನ ಹೇಳಿದ್ರಿ." ಸಾಹೇಬರು ಮಾಸ್ತರ ಮುಖವನ್ನು ಚೆನ್ನಾಗಿ ನೋಡಿದರು. "ಈಗ ಆ ಹೆಣ್ಮಗಳ ಕಡೆ ಉಳಿದಾವ್ರು ನೀವೊಬ್ರ. ಖರೆ ಹೇಳ್ರಿ, ನಿಮಗೇನಾರ ಅನಸಾಕತ್ತೈತೇನು? ಇಳಿಯೂದಿದ್ರ ಇಳೀರಿ."

ರಸ್ತೆಯ ಎರಡೂ ಬದಿಗೆ ಆಳೆತ್ತರದ ತೊಗರಿ ಒತ್ತಾಗಿ ನಿಂತಿತ್ತು. ಗಾಡಿ ನಿಂತಿತ್ತು. ಬಾಗಿಲು ತೆರೆದೇ ಇತ್ತು. ತೊಗರಿಯ ಒಳಗೆಲ್ಲೋ ದ್ಯಾವಪ್ಪ ಸುಖವಾಗಿ ಕೆಮ್ಮಿದ್ದು ಕೇಳಿಸಿತು. ಮಧ್ಯಾಹ್ನದಿಂದ ವೆಂಕೋಬ ಮಾಸ್ತರು ದೇವರಲ್ಲಿ ಬೇಡಿಕೊಂಡದ್ದೆಲ್ಲ ಕೈಗೆಟುಕುವಷ್ಟು ಹತ್ತಿರ ಬಂದು ನಿಂತಿತ್ತು.

"ನನಗೇನಾಗೈತ್ರಿ ಸರ" ಎಂದರು ಮಾಸ್ತರು. ಹಲ್ಲು ಕಚ್ಚಿ ನಕ್ಕರು, ಕೈ ಚಾಚಿ ಬಾಗಿಲನ್ನು ತಾವೇ ಎಳೆದು ಹಾಕಿಕೊಂಡರು. "ಅವರು ಸಾವಕಾಶ ಬರ್ಲಿ. ನಾ ಆರಾಮ ಕುಂತಿರ್ತೀನಿ."