ಬೋಳುಬಂಡೆಯ ಕೊರಮೀನು

ನೀರು ಎಷ್ಟು ಅಡಿ ಇದೆಯೆಂದು ಬರೆಯುವುದಕ್ಕೆ ಸಂಬಳ ಪಡೆಯುವ ಮನುಷ್ಯ ಅಷ್ಟನ್ನು ಬರೆದು ಸುಮ್ಮನಿರಬೇಕು. ಮಾರಿಕಣಿವೆಯ ಅಳತೆ ಗುಮಾಸ್ತ ಗಂಗಾಧರಪ್ಪ ಸುಮ್ಮನಿರಲಿಲ್ಲ.

ಕಟ್ಟೆ ಕಟ್ಟಿ ಮುಗಿದಾಗಿನಿಂದ, ಅಂದರೆ ಮೂರು ವರ್ಷದಿಂದ, ಅವನ ಕೆಲಸ ಒಂದೇ. ಬೆಳಿಗ್ಗೆ ಎದ್ದು, ಸ್ನಾನ ಪೂಜೆ ಮುಗಿಸಿ, ವಿಭೂತಿ ಆರುವ ಮೊದಲೇ ಅಳತೆಗಲ್ಲಿನ ಹತ್ತಿರ ಹೋಗಿ ಕೂರುವುದು. ನೀರು ಯಾವ ಗೆರೆಯವರೆಗೆ ಬಂದಿದೆ ನೋಡಿ, ‘ಗಾಳಿ ಪಡುವಲಿಂದ, ಮಳೆ ಇಲ್ಲ’ ಎಂದು ಸೇರಿಸಿ ಚಿತ್ರದುರ್ಗದ ಕಚೇರಿಗೆ ಕಳಿಸುವುದು. ಒಂದು ಸೋಮವಾರ ಬರೆದೂ ಬರೆದೂ ಬೇಸರವಾಗಿ, ಕೆಳಗೆ ಇನ್ನೊಂದು ಸಾಲು ಸೇರಿಸಿಬಿಟ್ಟ: ‘ತೂಬಿನ ಹತ್ತಿರ ಒಂದು ದೊಡ್ಡ ಮೀನು ಎರಡು ಸಲ ನೆಗೆಯಿತು.’

ಮೀನಿನ ಮೇಲೆ ಅವನಿಗೆ ಆಸೆಯಿತ್ತೆಂದಲ್ಲ. ಕೊರಳಲ್ಲಿ ಲಿಂಗ ಕಟ್ಟಿದವನು. ಮೀನಿನ ಬುಟ್ಟಿ ಎದುರಾದರೆ ಬೀದಿಯ ಆಚೆ ಬದಿಗೆ ಹೋಗುವವನು. ಕಂಡದ್ದನ್ನು ಹೇಳಿಕೊಳ್ಳಲು ಮನೆಯಲ್ಲಿ ಜನವಿಲ್ಲದವನು ಕಾಗದಕ್ಕೆ ಹೇಳಿಕೊಂಡ, ಅಷ್ಟೆ. ಹೆಂಡತಿ ಸರ್ವಮಂಗಳ ಹೊಸದುರ್ಗದ ಹತ್ತಿರದ ಮತ್ತೋಡಿನ ತವರಿನಲ್ಲಿದ್ದಳು. ಕಣಿವೆಯ ಚಳಿಜ್ವರ ಅವಳನ್ನು ಒಮ್ಮೆ ಹಿಡಿದು ಅಲುಗಾಡಿಸಿದ ಮೇಲೆ ಅತ್ತೆ ವೀರಮ್ಮ ಗಾಡಿ ಕಟ್ಟಿಸಿಕೊಂಡು ಬಂದು ಮಗಳನ್ನು ಕರೆದುಕೊಂಡು ಹೋಗಿದ್ದರು. ಹೋಗುವಾಗ, “ಆ ಜ್ವರದ ಕೊಂಪೆಗೆ ನನ್ ಮಗಳನ್ನ ತಿರುಗಿ ಕಳ್ಸಲ್ಲ. ಹೊಸದುರ್ಗಕ್ಕೆ ವರ್ಗ ಮಾಡಿಸ್ಕಂಡು ಬರ್ರಿ, ಆಮೇಲೆ ಮಾತಾಡಾಣ” ಎಂದಿದ್ದರು. ಮಗ ಹುಟ್ಟಿ ಒಂಬತ್ತು ತಿಂಗಳಾಗಿತ್ತು. ಅಪ್ಪ ನೋಡಿದ್ದು ಎರಡೇ ಸಲ. ಎರಡನೆಯ ಸಲ ಮಗು ಅವನ ಮೀಸೆ ನೋಡಿ ಕಿಟಾರನೆ ಕಿರುಚಿ ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸಿತ್ತು. ವರ್ಗಕ್ಕೆಂದು ಬರೆದ ನಾಲ್ಕನೆಯ ಅರ್ಜಿ ಈಗ ಎಂಜಿನಿಯರ್ ಸಾಹೇಬರ ಮೇಜಿನ ಮೇಲಿತ್ತು.

ಶುಕ್ರವಾರ ಚಿತ್ರದುರ್ಗದಿಂದ ಕಾಗದ ಬಂತು. ಹೆಡ್ ಗುಮಾಸ್ತ ರೇವಣಸಿದ್ದಪ್ಪ ಕನ್ನಡಕ ಏರಿಸಿಕೊಂಡು ಓದಿದ. “ಭಾನುವಾರ ಸಾಹೇಬ್ರು ಗಾಳ ಹಾಕಾಕೆ ಬರ್ತಾರಂತೆ. ಮೀನು ಕಂಡ ಗುಮಾಸ್ತ ಜೊತೀಗಿರ್ಬೇಕಂತೆ. ಏನಪ್ಪ ಗಂಗಾಧರ, ಯಾವಾಗಿಂದ ಈ ಕಸುಬು?”

“ಸುಮ್ನೆ ಬರ್ದೆ ಅಣ್ಣ. ಕೈ ತಪ್ಪಿ ಬರ್ದೆ.”

“ತಪ್ಪಿದ್ದೇ ಒಳ್ಳೇದಾತು ಬಿಡು. ಅವ್ರು ಶೀಮೇಲಿ ಓದ್ದೋರು, ಗಾಳ ಅಂದ್ರೆ ಪ್ರಾಣ ಬಿಡ್ತಾರಂತೆ. ಅವರ ಕೈಗೊಂದು ಮೀನು ಹತ್ತಿಸು, ನಿನ್ನ ಅರ್ಜಿಗೆ ಸಹಿ ಬೀಳ್ತೈತೆ. ಇಲ್ಲಾಂದ್ರೆ ಇಲ್ಲೇ ನೀರು ಅಳೀತಾ ಮುದುಕ ಆಗು.”

ಹೀಗಾಗಿ ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಗಂಗಾಧರಪ್ಪ ತೂಬಿನ ಕಾವಲುಗಾರ ಪಾಪಣ್ಣನ ಬೆನ್ನು ಹತ್ತಿದ್ದ. ಪಾಪಣ್ಣ, ಹಿರಿಯೂರಿನಿಂದ ನಡೆದೇ ಬರುವ ಬಡಗಿ ಓಬಯ್ಯ, ಕುರಿ ಬಿಟ್ಟು ಬರುವ ತಿಪ್ಪಯ್ಯ, ಈ ಮೂವರು ಭಾನುವಾರ ತಪ್ಪದೆ ನೀರಿನ ಅಂಚಿನಲ್ಲಿ ಸಾಲಾಗಿ ಕೂರುವವರು. ಒಂದೇ ಎಲೆಯಡಿಕೆ ಚೀಲದಲ್ಲಿ ಮೂವರ ಕೈ. ಆದರೆ ಗಾಳಕ್ಕೆ ಏನು ಸಿಕ್ಕಿಸಬೇಕೆಂಬ ವಿಷಯದಲ್ಲಿ ಮೂವರದು ಮೂರು ಮತ.

“ಆಪಿನ ಹುಲ್ಲು ಬೆಳ್ದಿರೋ ಕಡೆ ಕೊರಮೀನು ಅಡಗಿರ್ತೈತೆ ಗುಮಾಸ್ತ್ರೇ. ಅದಕ್ಕೆ ಜೀವ ಇರೋ ಕಪ್ಪೇನೇ ಆಗ್ಬೇಕು” ಎಂದ ಪಾಪಣ್ಣ.

“ಎರೆಹುಳ ಹಾಕ್ರಿ. ಕಪ್ಪೆ ಹಾಕಿ ಹಾಕಿ ಇವ್ನು ಹಿಡ್ದಿದ್ದು ನೆಗಡಿ ಒಂದೇ” ಎಂದ ಓಬಯ್ಯ.

ತಿಪ್ಪಯ್ಯ ರಾಗಿಮುದ್ದೆಯ ಉಂಡೆ ತೋರಿಸಿದ. “ಮುದ್ದೆ. ಮೀನಿಗೆ ಬ್ಯಾಡ ಆದ್ರೆ ನಾವೇ ಉಣ್ಣಬೋದು.”

ಗಂಗಾಧರಪ್ಪ ಮೂರಕ್ಕೂ ತಲೆಯಾಡಿಸಿ, ಆಪಿನ ಪಕ್ಕದ ಒಳ್ಳೆಯ ಜಾಗ ಗುಡಿಸಿ, ಸಾಹೇಬರಿಗೆಂದು ಕಂಬಳಿ ಹಾಸಿದ. ಅಷ್ಟರಲ್ಲಿ ಸಾಹೇಬರ ಜಟಕಾ ಬಂದು ದಂಡೆಯ ಮೇಲಿನ ಬಂಗಲೆಯ ಮುಂದೆ ನಿಂತಿತು. ಸಾಮಾನು ಇಳಿಸುತ್ತಿದ್ದ ಬಿಲ್ಲೆ ಜವಾನ ದೊಡ್ಡಪ್ಪನೆಂಬವನಿಗೆ ನೆರವಾಗಲು ಗಂಗಾಧರಪ್ಪ ಓಡಿದ. ಕೋಲುಗಳ ಕಟ್ಟು, ಬುಟ್ಟಿ, ಛತ್ರಿ, ಮಡಿಸುವ ಕುರ್ಚಿ, ತಗಡಿನ ಡಬ್ಬ, ಒಂದೊಂದಾಗಿ ಇಳಿದವು.

“ಮೀನು ಕಂಡೋರು ನೀವೇನಾ?” ಎಂದ ದೊಡ್ಡಪ್ಪ. ಸಾವಿನ ಮನೆಯಲ್ಲಿ ಕೇಳುವ ದನಿ ಅದು. “ನಾನೂ ಒಂದು ಸಲ ತೋರಿಸ್ದೆ ಸ್ವಾಮಿ. ನಮ್ಮೂರು ಬಿ.ದುರ್ಗ. ಅಲ್ಲಿನ ಕೆರೇಲಿ ಸಾಹೇಬ್ರ ಗಾಳಕ್ಕೆ ಒಂದು ಮೀನು ಬೀಳಿಸ್ಕೊಟ್ಟೆ. ‘ನಿನ್ನ ಕೈಗುಣ ಒಳ್ಳೇದು, ನನ್ನ ಜೊತೇಲೇ ಇರು’ ಅಂದ್ರು. ಆರು ವರ್ಷ ಆತು. ಬುಟ್ಟಿ ಹೊತ್ಕಂಡು ತಿರುಗ್ತಾ ಇದೀನಿ. ಕೈಲಾಗದ ಹಳೇ ಜವಾನ ಒಬ್ನಿದ್ದ, ಅವ್ನಿಂದ ಒಂದು ಮೀನೂ ಬೀಳ್ಲಿಲ್ಲ. ಸಿಟ್ಟು ಬಂದು ಅವನ ಸ್ವಂತ ಊರಿಗೇ ದಬ್ಬಿದ್ರು. ಪುಣ್ಯಾತ್ಮ.”

ಗಂಗಾಧರಪ್ಪನ ಕೈಯಲ್ಲಿದ್ದ ಕುರ್ಚಿ ಅಲ್ಲೇ ಕುಸಿಯಿತು. ಅವನು ನೀರಿನ ಅಂಚಿಗೆ ಓಡಿದ ಓಟಕ್ಕೆ ಪಂಚೆಯ ಅಂಚು ಮೊಣಕಾಲು ಬಿಟ್ಟು ಮೇಲೇರಿತ್ತು.

“ಪಾಪಣ್ಣ, ಮೀನು ಬ್ಯಾಡ. ಒಂದೂ ಬೀಳ್ಬಾರ್ದು. ಬಿದ್ರೆ ನನ್ನ ಮಗ ನನ್ನ ಗುರ್ತೇ ಹಿಡಿಯಲ್ಲ.” ಏದುಸಿರಿನಲ್ಲೇ ಎಲ್ಲ ಹೇಳಿದ.

ಮೂವರೂ ಮುಖ ಮುಖ ನೋಡಿಕೊಂಡರು. ಪಾಪಣ್ಣ ಎಲೆಯಡಿಕೆ ಉಗುಳಿ ಬಂದು ನಿಧಾನವಾಗಿ ಹೇಳಿದ: “ಮೀನು ಬೀಳ್ಸೋದಾದ್ರೆ ಕಷ್ಟ ಇತ್ತು. ಬೀಳ್ದಂಗೆ ಮಾಡೋದಾದ್ರೆ ನಮಗೆ ಬುಡ್ರಿ. ವಾರ ವಾರ ಮಾಡೋದೇ ಅದು.”

ಕಂಬಳಿ ಎದ್ದಿತು. ಆಪಿನಿಂದ ಮುನ್ನೂರು ಮಾರು ದೂರದಲ್ಲಿ ಒಂದು ಬೋಳುಬಂಡೆ ಇಳಿಜಾರಾಗಿ ನೀರಿಗೆ ಇಳಿದಿತ್ತು. ಹುಲ್ಲಿಲ್ಲ, ನೆರಳಿಲ್ಲ. ಪಾಪಣ್ಣನ ಅಪ್ಪನ ಕಾಲದಿಂದಲೂ ಅಲ್ಲಿ ಮೀನು ಸಿಕ್ಕ ಮಾತಿಲ್ಲ ಎಂದು ಪಾಪಣ್ಣ ಪ್ರಮಾಣ ಮಾಡಿದ. ಅವನ ಅಪ್ಪನ ಕಾಲದಲ್ಲಿ ಅಲ್ಲಿ ನೀರೇ ಇರಲಿಲ್ಲವೆಂಬುದು ಆ ಗಡಿಬಿಡಿಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಸಾಹೇಬರು ಬಂದರು. ದುಂಡಗಿನ ಹ್ಯಾಟು, ಮಂಡಿಯವರೆಗೆ ಬೂಟು, ಸಣ್ಣ ಹುಡುಗನಂಥ ಉತ್ಸಾಹ. “ಇದೇ ಜಾಗವೇ? ಭೇಷ್” ಎಂದು ಕುರ್ಚಿ ಹಾಕಿಸಿ ಕೂತು, ಡಬ್ಬದಿಂದ ಫಳಫಳ ಹೊಳೆಯುವ ಒಂದು ತಗಡಿನ ಚಮಚ ತೆಗೆದು ದಾರದ ತುದಿಗೆ ಕಟ್ಟಿದರು. ಚಮಚದ ಬಾಲಕ್ಕೆ ಮೂರು ಕೊಕ್ಕೆ.

“ಸ್ವಾಮಿ, ಹುಳ?” ಎಂದ ಓಬಯ್ಯ.

“ಹುಳ ಬೇಡ. ಇದು ನೀರಿನಲ್ಲಿ ತಿರುಗಿದರೆ ಮೀನಿಗೆ ಮರಿಮೀನಿನ ಹಾಗೆ ಕಾಣುತ್ತೆ.”

ಓಬಯ್ಯ ಪಾಪಣ್ಣನ ಕಿವಿಯಲ್ಲಿ, “ಊಟ ಇಕ್ಕದೆ ಬರೀ ಚಮಚ ತೋರ್ಸಿದ್ರೆ ನಮ್ಮನೇಲಿ ನಾಯೀನೂ ಬರಲ್ಲ” ಎಂದ. ಗಂಗಾಧರಪ್ಪನಿಗೆ ಅಂದು ಮೊದಲ ಬಾರಿಗೆ ಸಮಾಧಾನವಾಯಿತು.

ಬಿಸಿಲೇರಿತು. ಸಾಹೇಬರು ಚಮಚ ಎಸೆದರು, ರಾಟೆ ತಿರುಗಿಸಿ ಎಳೆದರು, ಮತ್ತೆ ಎಸೆದರು. ಬಂಡೆ ಹೆಂಚಿನಂತೆ ಕಾದಿತು. ಆದರೆ ಅವರು ಸಿಡುಕುವ ಬದಲು ಹತ್ತಿರ ಹತ್ತಿರ ಸರಿದು ಮೂವರ ಮಾತಿಗೆ ಕಿವಿ ಕೊಡತೊಡಗಿದರು. ತಿಪ್ಪಯ್ಯನಿಂದ ಹೋದ ವರ್ಷ ತಪ್ಪಿಸಿಕೊಂಡ ಮೀನು ಕುರಿಮರಿಯಷ್ಟಿತ್ತು. ಅದನ್ನು ಕೇಳಿ ಓಬಯ್ಯನಿಗೆ, ತನ್ನಿಂದ ತಪ್ಪಿಸಿಕೊಂಡದ್ದು ಕುರಿಯಷ್ಟೇ ಇತ್ತೆಂದು ನೆನಪಾಯಿತು. ಸಾಹೇಬರು ಶೀಮೆಯಲ್ಲಿ ತಾವು ಕಳೆದುಕೊಂಡ ಮೀನನ್ನು ಎರಡು ಕೈ ಅಗಲಿಸಿ ತೋರಿಸಿದರು. ಕೈ ಸಾಲದೆ ಓಬಯ್ಯ ತನ್ನದೂ ಒಂದು ಕೈ ಕೊಟ್ಟ. ರೇವಣಸಿದ್ದಪ್ಪ ಮಾತ್ರ ಅರ್ಧ ಗಂಟೆಗೊಮ್ಮೆ ಮೇಲಿನಿಂದ ಇಣುಕಿ, “ಬಿತ್ತೇನೋ?” ಎಂದು ಕೈಸನ್ನೆ ಮಾಡಿ, ಇಲ್ಲವೆಂದಾಗ ಹಣೆ ಚಚ್ಚಿಕೊಂಡು ಹೋಗುತ್ತಿದ್ದ.

ಮಧ್ಯಾಹ್ನ ಸಾಹೇಬರು ಎದ್ದರು. “ನಾನು ಬಂಗಲೆಗೆ ಹೋಗಿ ಊಟ ಮಾಡಿ ಬರ್ತೀನಿ. ಗಂಗಾಧರಪ್ಪನೋರೇ, ಕೋಲು ಹಿಡ್ಕೊಂಡಿರಿ.”

ಕೋಲು ಕೈಗೆ ಬಂದದ್ದೇ ಗಂಗಾಧರಪ್ಪನಿಗೆ ಹೊಸ ಚಿಂತೆ ಹತ್ತಿತು. ಚಮಚ ನೀರಲ್ಲಿದೆ, ಅಕಸ್ಮಾತ್ ಯಾವುದಾದರೂ ಬುದ್ಧಿಗೇಡಿ ಮೀನು ಈ ಕಡೆ ಬಂದರೆ? ಬಂದದ್ದನ್ನು ಬೆದರಿಸಿ ಓಡಿಸುವುದೇ ಸರಿ ಎಂದು ಅವನು ಕೋಲನ್ನು ಜಗ್ಗಿ ಜಗ್ಗಿ ಚಮಚದಿಂದ ನೀರಿನ ಮೈಯನ್ನು ಪಟಪಟ ಬಡಿಯತೊಡಗಿದ.

“ಗುಮಾಸ್ತ್ರೇ, ಹಂಗ್ ಬಡೀಬ್ಯಾಡ್ರಿ” ಎಂದು ಪಾಪಣ್ಣ ಅರ್ಧ ಎದ್ದ. “ಕಪ್ಪೆ ಕುಪ್ಪಳಿಸೋದು ಹಂಗೇ. ಕೊರಮೀನಿಗೆ ಆ ಸದ್ದು ಅಂದ್ರೆ—”

ನೀರು ಒಡೆಯಿತು. ಕೋಲು ಬಿಲ್ಲಿನಂತೆ ಬಾಗಿತು. ಕೈಬಿಟ್ಟರೆ ಸರ್ಕಾರಿ ಸಾಹೇಬರ ಕೋಲು ಹೋಗುತ್ತದೆ, ಹಿಡಿದರೆ ಸಂಸಾರ ಹೋಗುತ್ತದೆ. ಗಂಗಾಧರಪ್ಪ ಎರಡನ್ನೂ ಯೋಚಿಸುವಷ್ಟರಲ್ಲಿ ಜಾರಿ ಸೊಂಟದವರೆಗೆ ನೀರಿನಲ್ಲಿದ್ದ. ಪಾಪಣ್ಣ ಅವನ ಉಡಿದಾರ ಹಿಡಿದ, ಓಬಯ್ಯ ಪಾಪಣ್ಣನನ್ನು ಹಿಡಿದ. ತಿಪ್ಪಯ್ಯ ಮುದ್ದೆ ಹಿಡಿದುಕೊಂಡು ಸಲಹೆ ಕೊಟ್ಟ. ಕೊನೆಗೆ ಎಲ್ಲರೂ ಒಟ್ಟಿಗೆ ಬಂಡೆಯ ಮೇಲೆ ಬಿದ್ದಾಗ ಜೊತೆಯಲ್ಲಿ ಒಂದು ಕೊರಮೀನೂ ಬಿದ್ದಿತ್ತು. ಕಪ್ಪು ಮೈ, ಹಾವಿನ ತಲೆ, ತೊಡೆಯಷ್ಟು ದಪ್ಪ.

“ನಾಕು ಸೇರಿಗೆ ಮೋಸ ಇಲ್ಲ” ಎಂದ ಪಾಪಣ್ಣ ಭಕ್ತಿಯಿಂದ. “ನೋಡ್ರಿ, ನಮ್ಮಲ್ಲೊಂದು ಕಟ್ಟಳೆ ಐತೆ. ಕೋಲು ಯಾರದ್ದಾರಾ ಆಗ್ಲಿ, ಎಳ್ದೋನ್ದೇ ಮೀನು. ಎಳ್ದೋನೇ ಹೆಗಲ ಮೇಲೆ ಹಾಕ್ಕಂಡು ಊರೊಳಗಿಂದ ಮನೀಗೆ ಹೋಗ್ಬೇಕು.”

ಗಂಗಾಧರಪ್ಪನ ಕಣ್ಣ ಮುಂದೆ ಪಕ್ಕದ ಮನೆಯ ಏಕಾಂತಮ್ಮ ಬಾಗಿಲಲ್ಲಿ ನಿಂತಂತಾಯಿತು. ಲಿಂಗ ಕಟ್ಟಿದ ಹೆಗಲ ಮೇಲೆ ಮೀನು! ಸುದ್ದಿ ಸಂತೆಯ ಗಾಡಿಗಿಂತ ಮುಂಚೆ ಮತ್ತೋಡು ಸೇರುತ್ತಿತ್ತು.

“ಬಿಡು, ಬಿಡು ಅದನ್ನ. ನೀರಿಗೆ ಬಿಡು. ಸಾಹೇಬ್ರಿಗೆ ವಾಸ್ನೆ ಹತ್ತಂಗಿಲ್ಲ.”

“ಬಿಡೋದಾ?” ಎಂದ ಪಾಪಣ್ಣ. ಆಗ ತಿಪ್ಪಯ್ಯ ನೀರಿನ ಕಡೆ ಕೈ ತೋರಿಸಿದ. ಬಂಡೆಯ ಪಕ್ಕದಲ್ಲಿ ಕೆಂಪಗೆ, ಕುಂಕುಮ ಚೆಲ್ಲಿದ ಹಾಗೆ, ನೂರಾರು ಸಣ್ಣ ಮರಿಗಳು ಗುಂಪಾಗಿ ಬುಳುಬುಳು ಎನ್ನುತ್ತಿದ್ದವು.

“ಓ, ಮರಿ ಕಾಯ್ತಿತ್ತು” ಎಂದ ಪಾಪಣ್ಣ ಮೆತ್ತಗೆ. “ಅದ್ಕೇ ಈ ಕಡೆ ಬಂದೈತೆ. ಕೊರಮೀನಲ್ಲಿ ಅಪ್ಪಾನೇ ಮರಿ ಬಿಟ್ಟು ಕದಲಲ್ಲ ಸ್ವಾಮಿ.”

ಗಂಗಾಧರಪ್ಪ ಒದ್ದೆ ಪಂಚೆಯಲ್ಲಿ ನಿಂತು ಆ ಮೀನನ್ನೇ ನೋಡಿದ. ಅವನಿಗೆ ಅದರ ಮೇಲೆ ಹೊಟ್ಟೆಕಿಚ್ಚಾಯಿತು, ಆಮೇಲೆ ಕನಿಕರವಾಯಿತು. ಪಾಪಣ್ಣ ನಿಟ್ಟುಸಿರು ಬಿಟ್ಟು ಕೊಕ್ಕೆ ಬಿಡಿಸಿಕೊಟ್ಟ. ಹುಟ್ಟಿದಾಗಿನಿಂದ ಮೀನು ಮುಟ್ಟದ ಗಂಗಾಧರಪ್ಪ ಹೆಗಲ ವಸ್ತ್ರವನ್ನು ಎರಡೂ ಕೈಗೆ ಸುತ್ತಿಕೊಂಡು ಅದನ್ನೆತ್ತಿ, “ಹೋಗಪ್ಪ, ನೀನಾದ್ರೂ ಮಕ್ಕಳ ಹತ್ರ ಹೋಗು” ಎಂದು ನೀರಿಗೆ ಬಿಟ್ಟ. ಓಬಯ್ಯ ಆ ಕಡೆ ನೋಡಲಾರದೆ ಬೆನ್ನು ತಿರುಗಿಸಿಕೊಂಡ.

ಸಾಹೇಬರು ಮರಳಿ ಬರುವ ಹೊತ್ತಿಗೆ ಬಂಡೆ ಒಣಗಿತ್ತು, ವಸ್ತ್ರ ಒಣಗಿತ್ತು, ನಾಲ್ವರೂ ಏನೂ ಅರಿಯದ ಬಸವಣ್ಣಗಳಂತೆ ಕೂತಿದ್ದರು. ಸಂಜೆಯವರೆಗೂ ಚಮಚ ಖಾಲಿ ಹೋಗಿ ಖಾಲಿ ಬಂತು. ಬಿಸಿಲಿಳಿದ ಮೇಲೆ ಸಾಹೇಬರು ಬಂಗಲೆಯ ಜಗಲಿಗೆ ಗಂಗಾಧರಪ್ಪನನ್ನು ಕರೆಸಿದರು. ರೇವಣಸಿದ್ದಪ್ಪ ಕರೆಯದೇ ಬಂದು ಹಿಂದೆ ನಿಂತ.

“ಒಂದು ಮೀನೂ ಸಿಗಲಿಲ್ಲ” ಎಂದರು ಸಾಹೇಬರು.

“ಇಲ್ಲ ಸ್ವಾಮಿ” ಎಂದ ಗಂಗಾಧರಪ್ಪ. ಸಂತೋಷ ಮುಖಕ್ಕೆ ಬಾರದಂತೆ ತಡೆಯಲು ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ.

ಸಾಹೇಬರು ಜೇಬಿನಿಂದ ಮಡಿಸಿದ ಕಾಗದ ತೆಗೆದರು. “ಇದು ನಿಮ್ಮ ವರ್ಗದ ಹುಕುಂ. ಹೊಸದುರ್ಗಕ್ಕೆ. ನಿನ್ನೆಯೇ ಸಹಿ ಮಾಡಿ, ಕೈಯಾರೆ ಕೊಡೋಣ ಅಂತ ತಂದಿದ್ದೆ. ಚಿಕ್ಕ ಮಗು ಇದೆ ಅಂತ ಬರೆದಿದ್ದಿರಿ, ಪಾಪ ಅನ್ನಿಸ್ತು.”

ಗಂಗಾಧರಪ್ಪನ ಕೈ ತಾನಾಗಿ ಮುಂದೆ ಚಾಚಿತು. ಕಾಗದ ಅತ್ತಲೇ ಉಳಿಯಿತು.

“ಊಟ ಮಾಡ್ತಾ ಈ ಕಿಟಕಿಯಿಂದ ದುರ್ಬೀನು ಹಾಕಿ ನೋಡ್ತಿದ್ದೆ. ಹದಿನೆಂಟು ವರ್ಷದ ಸರ್ವೀಸು ನನ್ನದು. ಯಾವ ಕೆರೆಗೆ ಹೋದರೂ, ನಾನು ಊಟಕ್ಕೆ ಎದ್ದು ಬರುವಷ್ಟರಲ್ಲಿ ನನ್ನ ಗಾಳಕ್ಕೆ ಯಾರೋ ಒಂದು ಮೀನು ಸಿಕ್ಕಿಸಿ ಇಟ್ಟಿರ್ತಾರೆ. ಒಂದು ಸಲ ಅದು ಹಿಂದಿನ ದಿನ ಸತ್ತದ್ದು. ನಿಮ್ಮ ಕೈಗೆ ನಿಜವಾದ ಮೀನು ಬಂದಿತ್ತು. ‘ಸ್ವಾಮಿ, ನಿಮ್ಮದೇ’ ಅಂತ ತೋರಿಸಿದ್ದರೆ ನಾನು ನಂಬ್ತಿದ್ದೆ. ನೀವು ಬಿಟ್ಟುಬಿಟ್ರಿ. ಸುಳ್ಳು ಮೀನು ಕೂಡ ತೋರಿಸದ ಮನುಷ್ಯ ಸುಳ್ಳು ನೀರು ಬರೀತಾನಾ?” ಸಾಹೇಬರ ಕಣ್ಣು ತೇವವಾಗಿತ್ತು. ಅವರು ಹುಕುಮನ್ನು ಎರಡಾಗಿ, ನಾಲ್ಕಾಗಿ ಹರಿದರು. “ಈ ಕಣಿವೆಯ ಕೆಳಗೆ ಸಾವಿರಾರು ಜನರ ಗದ್ದೆ ಇದೆ. ಇಂಥ ಜಾಗ ಕಾಯೋದಕ್ಕೆ ನಿಮ್ಮಂಥವರೇ ಬೇಕು. ನಾನಿರೋ ತನಕ ನಿಮ್ಮನ್ನು ಇಲ್ಲಿಂದ ಯಾರೂ ಅಲುಗಿಸೋ ಹಾಗಿಲ್ಲ.”

“ಸ್ವಾಮಿ, ಮತ್ತೆ ಹೊಸದುರ್ಗ...” ಎಂದು ಗಂಗಾಧರಪ್ಪ ಹರಿದ ಚೂರುಗಳನ್ನು ಆಯತೊಡಗಿದ.

“ಅಲ್ಲಿಗೆ ಯಾರಾದರೂ ಆಗ್ತಾರೆ. ಅಂಥ ನಂಬಿಕೆಯ ಮನುಷ್ಯನೇನೂ ಬೇಕಿಲ್ಲ.”

ರೇವಣಸಿದ್ದಪ್ಪ ಗಂಗಾಧರಪ್ಪನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಮುಂದೆ ಬಂದ. ಕನ್ನಡಕ ತೆಗೆದು, ತಲೆಬಾಗಿ, ಕೈ ಮುಗಿದು ಹೇಳಿದ: “ನಾನಿದೀನಿ ಸ್ವಾಮಿ.”