ಮೇಲಿನ ಮನೆಯ ಚಾಂಪಿಯನ್ನಿಂದ ನಾನು ತಿಂದ ಏಟುಗಳು

ವೆಸ್ಟೆರಾಸ್‌ಗೆ ಬಂದು ಟ್ರಾನ್ಸ್‌ಫಾರ್ಮರ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿ ಒಂಬತ್ತು ವರ್ಷ ಆಯ್ತು. ಇಷ್ಟು ವರ್ಷದಲ್ಲಿ ಕರೆಂಟಿನಿಂದ ನನಗೆ ಒಂದೇ ಒಂದು ಸಲವೂ ಶಾಕ್ ಹೊಡೆದಿಲ್ಲ. ಹೊಡೆದದ್ದೆಲ್ಲ ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಮನೆಯಿಂದ. ನಾನು ಬೆವರೊರೆಸಿಕೊಂಡು ಒಳಗೆ ಬಂದರೆ ಸಾಕು, ನನ್ನ ಹೆಂಡತಿ ಲ್ಯಾಪ್‌ಟಾಪಿಂದ ತಲೆ ಎತ್ತದೆ, "ಏನು, ಮತ್ತೆ ಮೇಲಿನ ಮನೇನಾ?" ಅಂತ ಕೇಳುವಷ್ಟು ಇದು ಮಾಮೂಲಾಗಿಬಿಟ್ಟಿದೆ.

ಲಾಂಡ್ರಿ ರೂಮಿನಲ್ಲಿ

ಸ್ವೀಡನ್ನಿನಲ್ಲಿ ಬಟ್ಟೆ ಒಗೆಯೋದು ಹುಡುಗಾಟವಲ್ಲ. ನೆಲಮಾಳಿಗೆಯಲ್ಲಿ ಇಡೀ ಬಿಲ್ಡಿಂಗಿಗೆ ಒಂದು ಲಾಂಡ್ರಿ ರೂಮು. ಮೊದಲೇ ಟೈಮ್ ಬುಕ್ ಮಾಡಿರಬೇಕು. ನಿಮ್ಮ ಟೈಮ್ ಮುಗಿದ ಮೇಲೂ ನಿಮ್ಮ ಬಟ್ಟೆ ಮಷಿನ್ನಿನಲ್ಲಿ ಇತ್ತು ಅಂದರೆ ಮುಗೀತು, ಮಾರನೇ ದಿನ ಬಾಗಿಲ ಮೇಲೆ ಚೀಟಿ. ಇಲ್ಲಿನ ಜನ ಜಗಳ ಆಡೋದೇ ಇಲ್ಲ ಅನ್ನುತ್ತಾರಲ್ಲ, ಅವರು ಈ ಲಾಂಡ್ರಿ ರೂಮು ನೋಡಿಲ್ಲ.

ಎರಡು ವರ್ಷದ ಹಿಂದೆ ಒಂದು ಭಾನುವಾರ ನನ್ನದು ಏಳು ನಿಮಿಷ ಲೇಟಾಯ್ತು. ಬಾಗಿಲು ತೆರೆಯಿತು. ತಿರುಗಿ ನೋಡಿದರೆ ನನ್ನ ಭುಜದಷ್ಟು ಎತ್ತರದ ಒಬ್ಬ ಹೆಂಗಸು. ಎರಡೂ ಕಣ್ಣು ನೇರಳೆ ಹಣ್ಣಿನ ಬಣ್ಣ. ಹುಬ್ಬಿನ ಮೇಲೆ ಆರೇಳು ಹೊಲಿಗೆ. ಮೂರು ಭಾಷೆಯಲ್ಲಿ ಸಾರಿ ಹೇಳಿ, "ಯಾರು ನಿಮಗೆ ಹೊಡೆದದ್ದು? ಪೊಲೀಸರಿಗೆ ಫೋನ್ ಮಾಡಲಾ?" ಅಂತ ಮೊಬೈಲ್ ತೆಗೆದೆ.

"ಬೇಡ, ಹೊಡೆದದ್ದು ಬ್ರೆಜಿಲ್‌ನವಳು," ಅಂದಳು ತಣ್ಣಗೆ.

"ಈಗ ಎಲ್ಲಿದ್ದಾಳೆ ಅವಳು?"

"ಆಸ್ಪತ್ರೆಯಲ್ಲಿ."

ಹಾಗೆ ಪರಿಚಯವಾಯ್ತು. ಪೋಲೆಂಡಿನವಳು, ಹೊಸದಾಗಿ ನಮ್ಮ ಮೇಲಿನ ಮನೆಗೆ ಬಂದಿದ್ದಾಳೆ. ಗುದ್ದು, ಒದೆ, ಕುಸ್ತಿ ಎಲ್ಲಾ ಸೇರಿಸಿ ಬೋನಿನೊಳಗೆ ಆಡುತ್ತಾರಲ್ಲ ಎಂಎಂಎ, ಅದರಲ್ಲಿ ಯುರೋಪಿನ ಒಂದು ಲೀಗಿನ ಚಾಂಪಿಯನ್. ಚಾಂಪಿಯನ್‌ಗೆ ಕೊಡುವ ಬೆಲ್ಟನ್ನು ಎರಡು ಸಲ ಗೆದ್ದು ಉಳಿಸಿಕೊಂಡಿದ್ದಾಳೆ. "ನಿಮಗೆ ಅರ್ಜೆಂಟಿದ್ದರೆ ನಾನು ಕಾಯುತ್ತೇನೆ," ಅಂತಲೂ ಅಂದಳು ಪಾಪ, ಬಹಳ ಮರ್ಯಾದೆಯಿಂದ. ನಾನು ಮಷಿನ್ ಅರ್ಧಕ್ಕೇ ನಿಲ್ಲಿಸಿ, ನೀರು ಸೋರುತ್ತಿದ್ದ ಬಟ್ಟೆಯನ್ನು ಹಾಗೇ ಎದೆಗವಚಿಕೊಂಡು ಮೆಟ್ಟಿಲು ಹತ್ತಿದೆ. ಆವತ್ತಿನಿಂದ ನಮ್ಮ ಬಟ್ಟೆ ಹತ್ತು ನಿಮಿಷ ಮೊದಲೇ ಹೊರಗೆ.

ಡಾಗಿಸ್‌ನ ಹೊಸ ಟೀಚರ್

ಮುಂದಿನ ತಿಂಗಳು ಮಗಳನ್ನು ಡಾಗಿಸ್‌ಗೆ ಬಿಡೋಕೆ ಹೋದೆ. ಡಾಗಿಸ್ ಅಂದರೆ ಇಲ್ಲಿನ ಶಿಶುವಿಹಾರ. ಒಳಗೆ ಚಾಪೆ ಮೇಲೆ ಕೂತು, ಮೂರು ಮಕ್ಕಳ ಮೂಗೊರೆಸುತ್ತಾ, ಮೊಲದ ಹಾಡು ಹೇಳುತ್ತಿದ್ದವಳು ಯಾರು ಅಂತೀರಿ? ಇವಳೇ! ನನ್ನ ಬಾಯಿಂದ "ಅಯ್ಯಯ್ಯೋ" ಅಂತ ಕನ್ನಡವೇ ಬಂತು.

"ಫೈಟ್ ಇರೋದು ವರ್ಷಕ್ಕೆ ಎರಡು ದಿನ. ಮಿಕ್ಕ ದಿನ ಏನು ಮಾಡಲಿ?" ಅಂದಳು.

ಅವಳ ಕಥೆಯೂ ಮಜವಾಗಿದೆ. ಒಂಬತ್ತು ವರ್ಷದವಳಿದ್ದಾಗ ಅಣ್ಣ ಮನೆಯಲ್ಲಿ ಬಿಟ್ಟು ಹೋಗಿದ್ದ ಶೂ ಕೊಡೋಕೆ ಕುಸ್ತಿ ಕ್ಲಾಸಿಗೆ ಹೋದಳಂತೆ. ಅಲ್ಲಿ ಜೋಡಿ ಕಟ್ಟೋಕೆ ಒಬ್ಬರು ಕಮ್ಮಿ. ಕೋಚು ಇವಳನ್ನೇ ಹಿಡಿದು ನಿಲ್ಲಿಸಿದ. ಮನೆಗೆ ಹೋಗೋ ಹೊತ್ತಿಗೆ ಅಣ್ಣನೂ ಸೇರಿ ನಾಲ್ಕು ಜನ ಕೆಳಗೆ ಬಿದ್ದಿದ್ದರು. ಆದರೆ ದೊಡ್ಡವಳಾಗಿ ಆಡಿದ ಮೊದಲ ಫೈಟು ಒಂದೇ ನಿಮಿಷದಲ್ಲಿ ಸೋತಳು. ಅವರಮ್ಮ ಸೀಟು ಹುಡುಕುತ್ತಿದ್ದರಂತೆ, ಕೂರೋಷ್ಟರಲ್ಲಿ ಮಗಳು ಮಲಗಿದ್ದಳು.

ಒಂದು ದಿನ ಮನೆಯಲ್ಲಿ ಮಗಳ ಕೈಯಿಂದ ಟ್ಯಾಬ್ ಕಿತ್ತುಕೊಂಡೆ. ಐದು ವರ್ಷದ ಕೂಸು, ಸೋಫಾ ಹತ್ತಿ ಹಿಂದಿನಿಂದ ನನ್ನ ಕತ್ತಿಗೆ ಕೈ ಸುತ್ತಿ ಒತ್ತಿತು ನೋಡಿ, ಕಣ್ಣು ಕತ್ತಲೆ ಬಂತು. ಕಿವಿಯಲ್ಲಿ ಸ್ವೀಡಿಷ್‌ನಲ್ಲಿ ಉಪದೇಶ ಬೇರೆ: "ಅಪ್ಪಾ, ನೆಲಕ್ಕೆ ಮೂರು ಸಲ ಬಡಿ, ಬಿಡ್ತೀನಿ." ಬಡಿದೆ, ಇನ್ನೇನು ಮಾಡಲಿ.

ಮಾರನೇ ದಿನ ಡಾಗಿಸ್‌ಗೆ ಹೋಗಿ ಧೈರ್ಯ ಮಾಡಿ ಕೇಳಿಯೇಬಿಟ್ಟೆ, "ಮಕ್ಕಳಿಗೆ ಇದೆಲ್ಲ ಕಲಿಸ್ತಿದ್ದೀರಾ?"

ಚಾಂಪಿಯನ್ ಮುಖ ಕೆಂಪಾಯ್ತು. "ದೇವರಾಣೆ ಇಲ್ಲ! ನನ್ನ ವಿಡಿಯೋ ಎಲ್ಲೋ ನೋಡಿರಬೇಕು. ಏನು ಮಾಡಿದಳು, ತೋರಿಸಲಿ." ಮಗಳು ಅಲ್ಲೇ, ಬೇರೆ ಅಪ್ಪ ಅಮ್ಮಂದಿರ ಎದುರಿಗೇ, ನನ್ನ ಕತ್ತು ಹಿಡಿದು ತೋರಿಸಿತು. ಚಾಂಪಿಯನ್ ಬಗ್ಗಿ ಈ ಕಡೆಯಿಂದ ನೋಡಿದಳು, ಆ ಕಡೆಯಿಂದ ನೋಡಿದಳು. ಆಮೇಲೆ ಮಗಳಿಗೆ ಸೀರಿಯಸ್ಸಾಗಿ ಹೇಳಿದಳು:

"ತಪ್ಪು ಪುಟ್ಟಾ. ಮೊಣಕೈ ಇನ್ನೂ ಸ್ವಲ್ಪ ಒಳಗೆ ಬರಬೇಕು."

ಅತ್ತೆಯ ನ್ಯಾಯ

ಈ ವರ್ಷ ಜನವರಿಯಲ್ಲಿ ತುಮಕೂರಿನಿಂದ ನಮ್ಮತ್ತೆ, ಅಂದರೆ ನನ್ನ ಹೆಂಡತಿಯ ಅಮ್ಮ, ಮೂರು ತಿಂಗಳ ವೀಸಾದಲ್ಲಿ ಬಂದರು. ಬಂದ ಮೂರನೇ ದಿನ ಲಿಫ್ಟಿನಲ್ಲಿ ಚಾಂಪಿಯನ್ ಸಿಕ್ಕಳು. ಪ್ರಾಕ್ಟೀಸಿನಲ್ಲಿ ದವಡೆ ಊದಿತ್ತು. ಪಕ್ಕದಲ್ಲಿ ಅವಳ ಗಂಡ, ಬಸ್ ಡ್ರೈವರ್, ಬಾಗಿಲಗಲದ ಆಳು, ಹೊಟ್ಟೆವರೆಗೆ ಗಡ್ಡ. ಅತ್ತೆ ಅವಳ ದವಡೆ ನೋಡಿದರು, ಅವನ ಕೈ ನೋಡಿದರು. ಲೆಕ್ಕ ಮುಗೀತು.

"ಏನಯ್ಯಾ, ಹೆಂಡತಿ ಮೇಲೆ ಕೈ ಮಾಡ್ತೀಯಲ್ಲ, ನಾಚಿಕೆ ಆಗಲ್ವಾ ನಿನಗೆ? ಹೆತ್ತವರು ದೂರದಲ್ಲಿದ್ದಾರೆ, ಕೇಳೋರಿಲ್ಲ ಅಂದ್ಕೊಂಡ್ಯಾ? ನಾನಿದ್ದೀನಿ!" ಅಂತ ಲಿಫ್ಟಿನ ಮೂಲೆಯಲ್ಲಿ ಅವನನ್ನು ಒತ್ತರಿಸಿ ನಿಲ್ಲಿಸಿಬಿಟ್ಟರು. "ಏನಂತಿದ್ದಾರೆ?" ಅಂತ ಅವನು ಕೇಳಿದ.

"ಚಳಿ ಜಾಸ್ತಿ ಅಂತಿದ್ದಾರೆ," ಅಂದೆ.

"ಅಳಿಯಂದ್ರೇ, ನಾನು ಅಷ್ಟುದ್ದ ಹೇಳಿದ್ದು ನೀವು ಇಷ್ಟೇನಾ ಹೇಳೋದು? ಸರಿಯಾಗಿ ಹೇಳಿ!" ಅಂತ ಅತ್ತೆ ಗದರಿದರು. ಹೇಳಿದೆ. ಆ ಮನುಷ್ಯ ಜಾಕೆಟ್ ಬಿಚ್ಚಿ, ಶರಟಿನ ತೋಳು ಮಡಿಸಿ ತೋರಿಸಿದ. ಮೊಣಕೈವರೆಗೆ ಹಸಿರು, ನೀಲಿ, ಹಳದಿ. "ಮನೆಯಲ್ಲಿ ಅವಳಿಗೆ ಪ್ರಾಕ್ಟೀಸಿಗೆ ಸಿಗೋದು ನಾನೊಬ್ಬನೇ," ಅಂದ. ಧ್ವನಿ ಸಣ್ಣಗಿತ್ತು.

ಅತ್ತೆ ಮೂಗಿನ ಮೇಲೆ ಬೆರಳಿಟ್ಟರು. ಮನೆಗೆ ಕರೆದು ಅವನ ಕೈಗೆ ಅರಿಶಿನದ ಪಟ್ಟು ಹಾಕಿ ಕಳಿಸಿದರು. ಬಾಗಿಲು ಹಾಕಿದ ಮೇಲೆ ತಮ್ಮ ಮಗಳ, ಅಂದರೆ ನನ್ನ ಹೆಂಡತಿಯ ಕಡೆ ತಿರುಗಿ, ನಾನು ಅಲ್ಲೇ ಇದ್ದೇನೆ ಅನ್ನೋದನ್ನೂ ನೋಡದೆ, "ನೀನೂ ಒಂದು ತಿಂಗಳು ಹೋಗಿ ಕಲಿತ್ಕೊಂಡು ಬಾರೇ," ಅಂದರು.

ನೂರು ಗ್ರಾಂ

ಅಲ್ಲಿಂದ ಅತ್ತೆಗೂ ಚಾಂಪಿಯನ್‌ಗೂ ಗಳಸ್ಯ ಕಂಠಸ್ಯ. ಭಾಷೆ ಬರಲ್ಲ, ಆದರೆ ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಾರೆ. ಅತ್ತೆ ದಿನಾ ಒಂದು ಡಬ್ಬಿ ಮೇಲಕ್ಕೆ ಕಳಿಸೋರು. ಹೋಳಿಗೆ, ಕೋಡುಬಳೆ, ತುಪ್ಪ ಸುರಿದ ಬಿಸಿಬೇಳೆ ಬಾತು. ಡಬ್ಬಿ ಖಾಲಿಯಾಗಿ ಬರೋದು, ಅವಳ ಗಂಡ ಉಬ್ಬುತ್ತಾ ಬಂದ, ಇವಳು ಮಾತ್ರ ದಿನದಿಂದ ದಿನಕ್ಕೆ ಸೊರಗುತ್ತಿದ್ದಳು.

ಫೆಬ್ರವರಿ ಕೊನೆಗೆ ಒಂದು ಸಂಜೆ ಅವಳೇ ಬಂದು ಅಡುಗೆಮನೆಯಲ್ಲಿ ಕೂತಳು. "ಮಾರ್ಚಿನಲ್ಲಿ ಸ್ಟಾಕ್‌ಹೋಮಿನಲ್ಲಿ ನನ್ನ ಬೆಲ್ಟಿನ ಫೈಟ್ ಇದೆ. ನನಗೀಗ ಮೂವತ್ತಾರು. ಈ ಸಲ ಸೋತರೆ ಮತ್ತೆ ಕಾಂಟ್ರ್ಯಾಕ್ಟ್ ಇಲ್ಲ ಅಂತ ಲೀಗಿನವರು ಹೇಳಿಬಿಟ್ಟಿದ್ದಾರೆ. ಹಿಂದಿನ ದಿನ ತೂಕ ನೋಡುತ್ತಾರೆ. ಐವತ್ತಾರು ಕೆ.ಜಿ. ಏಳ್ನೂರು ಗ್ರಾಂ. ನೂರು ಗ್ರಾಂ ಜಾಸ್ತಿಯಾದರೂ ಫೈಟ್ ಮಾಡೋಕೆ ಮೊದಲೇ ಬೆಲ್ಟ್ ಹೋಗುತ್ತೆ. ಇಪ್ಪತ್ತೇಳು ವರ್ಷದ ನನ್ನ ಕುಸ್ತಿ ತೂಕದ ಮಷಿನ್ ಮೇಲೆ ಮುಗಿಯಬಾರದು. ನಿಮ್ಮ ಅತ್ತೆಗೆ ಹೇಳಿ, ದಯವಿಟ್ಟು ಈ ಮೂರು ವಾರ ತಿನ್ನೋದಕ್ಕೆ ಏನೂ ಕಳಿಸಬಾರದು." ಹೇಳುತ್ತಾ ಹೇಳುತ್ತಾ ಒಲೆ ಮೇಲಿದ್ದ ಹೋಳಿಗೆಯನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ನೀರು.

ಬ್ರೆಜಿಲ್‌ನವಳನ್ನು ಆಸ್ಪತ್ರೆಗೆ ಕಳಿಸಿದವಳು ಹೋಳಿಗೆ ನೋಡಿ ಅಳುತ್ತಿದ್ದಳು. ಅತ್ತೆ ಸೆರಗಿನಿಂದ ಅವಳ ಕಣ್ಣೊರೆಸಿದರು.

"ಆಯ್ತು ಕಂದಾ, ತಿನ್ನಬೇಡ. ಅಳಿಯಂದ್ರೇ, ಮೂಸಿ ನೋಡೋದಕ್ಕಾದ್ರೂ ಒಂದು ಇಟ್ಕೊಂಡಿರು ಅಂತ ಹೇಳಿ."

ತೂಕದ ದಿನ

ಇದನ್ನು ಹೇಳೋಕೆ ಮೊದಲು ನನ್ನದೊಂದು ಗುಟ್ಟು ಬಿಡಬೇಕು. ಹೋದ ಬೇಸಿಗೆಯಲ್ಲಿ ನಾನು ರಜಕ್ಕೆ ಅಂತ ಟರ್ಕಿಗೆ ಹೋಗಿ ಬೋಳಾಗಿದ್ದ ತಲೆಗೆ ಕೂದಲು ನೆಡಿಸಿಕೊಂಡು ಬಂದೆ. ಒಂದೊಂದೇ ಬುಡ, ಎರಡು ದಿನ ಬೋರಲು ಮಲಗಿಸಿ ನೆಟ್ಟರು. ಗೊತ್ತಿರೋದು ಹೆಂಡತಿಗೆ ಮಾತ್ರ. ಅತ್ತೆ ವರ್ಷಗಳಿಂದ ನನಗಾಗಿ ಭೃಂಗರಾಜ, ಹರಳೆಣ್ಣೆ, ಇನ್ನೂ ಏನೇನೋ ಕಾಯಿಸಿ ಬಾಟಲಿ ಕಳಿಸುತ್ತಿದ್ದರು. ಏರ್‌ಪೋರ್ಟಿನಲ್ಲಿ ನನ್ನ ತಲೆ ನೋಡಿದ್ದೇ ತಡ, "ನೋಡಿದ್ರಾ ನನ್ನ ಎಣ್ಣೆ!" ಅಂದರು. ದೊಡ್ಡವರ ಸಂತೋಷ ಯಾಕೆ ಕೆಡಿಸಬೇಕು ಅಂತ ನಾನು ತುಟಿ ಪಿಟಕ್ಕೆನ್ನಲಿಲ್ಲ.

ತೂಕ ಶುಕ್ರವಾರ ಮಧ್ಯಾಹ್ನ, ಸ್ಟಾಕ್‌ಹೋಮಿನ ಒಂದು ಹೋಟೆಲಿನಲ್ಲಿ. ಚಾಂಪಿಯನ್ ಎರಡು ದಿನ ನೀರು ಬಿಟ್ಟು, ಬಿಸಿ ಆವಿಯಲ್ಲಿ ಕೂತು ಬೆವರಿಳಿಸಿದ್ದಳು. ಬೆಳಿಗ್ಗೆ ಅವಳ ಮನೆಯ ಮಷಿನ್ನಿನಲ್ಲಿ ತೂಕ ಎಂಬತ್ತು ಗ್ರಾಂ ಕಮ್ಮಿಯೇ ಬಂತು. ಎಲ್ಲರಿಗೂ ನೆಮ್ಮದಿ. ನಾವೂ ಜೊತೆಗೆ ಹೊರಡೋದು ಅಂತಾಗಿತ್ತು. ಶೂ ಲೇಸ್ ಕಟ್ಟಿಕೊಂಡು ಅಡುಗೆಮನೆಗೆ ಬಂದು ನೋಡುತ್ತೇನೆ, ಚಾಂಪಿಯನ್ ಮಣೆ ಮೇಲೆ ಕೂತಿದ್ದಾಳೆ, ಅತ್ತೆ ಅವಳ ಸೊಂಟದುದ್ದ ಕೂದಲಿಗೆ ಎಣ್ಣೆ ಸುರಿದು ತಟ್ಟುತ್ತಿದ್ದಾರೆ. ಅರ್ಧ ಬಾಟಲಿ ಖಾಲಿ!

"ಅತ್ತೇ! ಏನಿದು?"

"ಆವಿಯಲ್ಲಿ ಬೆಂದು ಬೆಂದು ಹುಡುಗಿಗೆ ಉಷ್ಣ ನೆತ್ತಿಗೇರಿದೆ ಅಳಿಯಂದ್ರೇ, ತುಟಿ ನೋಡಿ ಹೇಗೆ ಒಡೆದಿದೆ. ತಿನ್ನೋದಕ್ಕೆ ತಾನೇ ಬೇಡ ಅಂದಿದ್ದು?"

"ಎಣ್ಣೆಗೂ ತೂಕ ಇರುತ್ತಲ್ಲಾ ಅತ್ತೆ..."

"ನಿಮ್ಮ ತಲೆಗೆ ಹಚ್ಚಿದ್ರಲ್ಲ, ಒಳ್ಳೇದಾಯ್ತೋ ಕೆಟ್ಟದಾಯ್ತೋ?"

ನಾನು ತಲೆ ಸವರಿಕೊಂಡೆ. ಹೆಂಡತಿ ಸೀಲಿಂಗ್ ನೋಡಿದಳು. ಚಾಂಪಿಯನ್ ಕಣ್ಣು ಮುಚ್ಚಿಕೊಂಡು, "ಮೂರು ವಾರದಲ್ಲಿ ನನಗೆ ಸಿಕ್ಕ ಮೊದಲ ಸುಖ ಇದು," ಅಂದಳು. ಟ್ರೈನಿಗೆ ಟೈಮಾಗಿತ್ತು, ತೊಳೆಯೋಕೂ ಆಗಲಿಲ್ಲ. ಜಡೆ ಹಾಕಿ ಹೊರಟೆವು.

ಹೋಟೆಲಿನ ಹಾಲಿನಲ್ಲಿ ಸ್ಟೇಜು, ಅದರ ಮೇಲೆ ತೂಕದ ಮಷಿನ್. ಅತ್ತೆ ಖುಷಿಯಾಗಿ, "ಓ, ತುಲಾಭಾರ! ಬೆಲ್ಲದಲ್ಲಾ, ಸಕ್ಕರೆಯಲ್ಲಾ?" ಅಂತ ಕೇಳಿದರು. ಚಾಂಪಿಯನ್ ಹತ್ತಿದಳು. ಐವತ್ತಾರು ಕೆ.ಜಿ. ಎಂಟುನೂರ ಹತ್ತು. ನೂರಾ ಹತ್ತು ಗ್ರಾಂ ಜಾಸ್ತಿ! ಟವೆಲ್ ಮರೆ ಹಿಡಿದು ಮೈಮೇಲಿನ ಬಟ್ಟೆ ತೆಗೆಸಿದರು. ಆದರೂ ಅರವತ್ತು ಗ್ರಾಂ ಜಾಸ್ತಿ.

"ಒಂದು ಗಂಟೆ ಟೈಮ್ ಕೊಡುತ್ತೇವೆ," ಅಂದರು.

ಬಾತ್‌ರೂಮಿಗೆ ಓಡಿದಳು. ಅತ್ತೆ, ನನ್ನ ಹೆಂಡತಿ ಸೇರಿ ಶಾಂಪೂ ಹಾಕಿ ತಲೆ ಉಜ್ಜಿದರು. ಬಂದು ಮಷಿನ್ ಹತ್ತಿದರೆ ಕೂದಲು ನೀರು ಕುಡಿದು ಮುನ್ನೂರು ಗ್ರಾಂ ಜಾಸ್ತಿ! ಹೇರ್ ಡ್ರೈಯರ್ ಹಿಡಿದು ಒಣಗಿಸಿದರು. ಆದರೂ ನಲವತ್ತು ಗ್ರಾಂ. ಉಳಿದದ್ದು ಹತ್ತು ನಿಮಿಷ. ಅಲ್ಲೇ ಇದ್ದ ಅವಳ ಕೋಚು ಕತ್ತರಿ ತಂದ.

ಅತ್ತೆಗೆ ಆಗ ಅರ್ಥವಾಯ್ತು. "ನನ್ನಿಂದ ಆಯ್ತಲ್ಲೋ ದೇವರೇ, ನನ್ನ ಕೈಯಾರೆ ಮಗು ಬದುಕು ಹಾಳು ಮಾಡಿದೆ," ಅಂತ ಅಲ್ಲೇ ಕುಸಿದು ಅಳತೊಡಗಿದರು. ನಾನೂ ಮನಸ್ಸಿನಲ್ಲೇ ನನಗೆ ಎರಡು ಬಾರಿಸಿಕೊಂಡೆ. ಬೆಳಿಗ್ಗೆ ಬಾಯಿಬಿಟ್ಟು ನಿಜ ಹೇಳಿದ್ದರೆ ಈ ಗತಿ ಬರುತ್ತಿರಲಿಲ್ಲ. ಚಾಂಪಿಯನ್ ಬಂದು ಅತ್ತೆಯನ್ನು ತಬ್ಬಿಕೊಂಡಳು. ಅವರ ಹೆಗಲ ಮೇಲೆ ತಲೆ ಇಟ್ಟುಕೊಂಡೇ ಕೋಚಿಗೆ, "ಕತ್ತರಿಸು," ಅಂದಳು. ಕಚಕ್ ಕಚಕ್ ಅಂತ ಕಿವಿವರೆಗೆ ಕತ್ತರಿಸಿದ. ಅತ್ತೆ ಕಣ್ಣು ಮುಚ್ಚಿ ಕೈಮುಗಿದು ಏನೋ ಗೊಣಗುತ್ತಿದ್ದರು. ನಡುವೆ ಒಂದು ಕಣ್ಣು ತೆರೆದು ನನ್ನ ಕಡೆ ನೋಡಿದ್ದೂ ಗೊತ್ತಾಯ್ತು. ಧೈರ್ಯ ಹೇಳುತ್ತಿದ್ದಾರೆ ಅಂದುಕೊಂಡೆ.

ಮಷಿನ್ ಹತ್ತಿದಳು. ಐವತ್ತಾರು ಏಳ್ನೂರು. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಮ್ಮಿ ಇಲ್ಲ.

ಮಾರನೇ ದಿನ ಐದೂ ರೌಂಡ್ ಆಡಿದಳು. ನಾನು ಮೂರು ರೌಂಡ್ ಕಣ್ಣು ಮುಚ್ಚಿಕೊಂಡಿದ್ದೆ, ಅತ್ತೆ ಒಂದು ಕ್ಷಣವೂ ಮುಚ್ಚಲಿಲ್ಲ, "ಹಾಕು ಇನ್ನೊಂದು!" ಅಂತ ಕೂಗುತ್ತಲೇ ಇದ್ದರು. ರೆಫರಿ ಚಾಂಪಿಯನ್ ಕೈ ಎತ್ತಿದಾಗ ನಾನು ಪಕ್ಕದ ಅಪರಿಚಿತ ಸ್ವೀಡಿಷ್ ಮನುಷ್ಯನನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಬೆಲ್ಟ್ ಉಳಿಯಿತು, ಇನ್ನೆರಡು ವರ್ಷಕ್ಕೆ ಕಾಂಟ್ರ್ಯಾಕ್ಟೂ ಸಿಕ್ಕಿತು. ಅವಳು ಬೋನಿನಿಂದ ಇಳಿದವಳೇ ಬೆಲ್ಟನ್ನು ಅತ್ತೆಯ ಹೆಗಲಿಗೆ ಹಾಕಿದಳು.

ಹೊರಗೆ ಬರುವಾಗ ಅತ್ತೆ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಅಂದರು, "ಅಳಿಯಂದ್ರೇ, ನಿನ್ನೆ ಗಾಬರೀಲಿ ತಿಮ್ಮಪ್ಪನಿಗೆ ಮುಡಿ ಹರಕೆ ಹೊತ್ಕೊಂಡ್ಬಿಟ್ಟೆ."

"ಒಳ್ಳೇದೇ ಆಯ್ತಲ್ಲ ಅತ್ತೆ. ಅವಳ ಕೂದಲು ಹೇಗೂ ಕತ್ತರಿಸಿದ್ದಾರೆ, ಕವರಲ್ಲಿ ಹಾಕ್ಕೊಂಡು ಹೋಗಿ."

"ಛೆ ಛೆ, ಅದು ತೂಕಕ್ಕೆ ಅಂತ ಕತ್ತರಿಸಿದ್ದು, ದೇವರಿಗೆ ಸಲ್ಲಲ್ಲ. ನಾನು ಹೇಳ್ಕೊಂಡಿದ್ದು ನಿಮ್ಮದು."

"ನನ್ನದಾ!" ಅಂತ ಎರಡೂ ಕೈ ತಲೆ ಮೇಲೆ ಇಟ್ಟುಕೊಂಡೆ. ಹೆಂಡತಿ ನಗು ತಡೆಯಲಾರದೆ ಮೆಟ್ಟಿಲ ಮೇಲೇ ಕೂತಳು.

"ಅಯ್ಯೋ, ಯಾಕಿಷ್ಟು ಗಾಬರಿ ಅಳಿಯಂದ್ರೇ?" ಅಂದರು ಅತ್ತೆ, ನನ್ನ ಬೆನ್ನು ಸವರುತ್ತಾ. "ಧೈರ್ಯವಾಗಿ ಬೋಳಿಸ್ಕೊಳ್ಳಿ. ಇನ್ನೂ ಅರ್ಧ ಬಾಟಲಿ ಎಣ್ಣೆ ಉಳಿದಿದೆ."