ನನ್ನ ಜೀಪಿನ ಹಿಂಬದಿಯ ಅಕ್ಷಮ್ಯ ಅಪರಾಧ

"ಇವತ್ತಿನಿಂದ ಈ ಜೀಪಿಗೆ ನನ್ನ ಕೈ ಬಿಟ್ಟು ಬೇರೆ ಯಾರ ಕೈಯೂ ತಾಗಕೂಡದು!"

ಹೀಗೆಂದು ನಾನು ಘೋಷಿಸಿದ್ದು ಒಂದು ಭಾನುವಾರ ಬೆಳಿಗ್ಗೆ, ಮನೆ ಮುಂದಿನ ಪೋರ್ಟಿಕೊದಲ್ಲಿ, ಸೊಂಟದ ಮೇಲೆ ಎರಡೂ ಕೈ ಇಟ್ಟುಕೊಂಡು. ಕೇಳಿಸಿಕೊಂಡವರು ಇಬ್ಬರು. ಒಬ್ಬಳು ನನ್ನ ಹೆಂಡತಿ, ಶಾಲೆಯಲ್ಲಿ ಲೆಕ್ಕದ ಟೀಚರು. ಕೆಂಪು ಪೆನ್ನು ಅವಳ ಆರನೇ ಬೆರಳು. ಇನ್ನೊಬ್ಬರು ನನ್ನ ಅತ್ತೆ. ನಲವತ್ತು ವರ್ಷ ಬಟ್ಟೆ ಹೊಲಿದು ಈಗ ನಿವೃತ್ತರು. ಕುರ್ಚಿ ಹಾಕಿಕೊಂಡು ನನ್ನನ್ನು ನೋಡುವುದೇ ಅವರ ಕಾಲಕ್ಷೇಪ.

"ಆಯ್ತು ಬಿಡಿ" ಎಂದಳು ಹೆಂಡತಿ. ಈ "ಆಯ್ತು ಬಿಡಿ" ಇದೆಯಲ್ಲ, ಇದಕ್ಕಿಂತ ದೊಡ್ಡ ಅವಮಾನ ಯಾವ ಭಾಷೆಯಲ್ಲೂ ಇಲ್ಲ!

ಓದುಗರಿಗೆ ನಾನು ಗೊತ್ತು. ಹನ್ನೊಂದು ವರ್ಷದಿಂದ ಪತ್ರಿಕೆಯ ಇದೇ ಜಾಗದಲ್ಲಿ ಅರ್ಧಂಬರ್ಧ ಕೆಲಸ ಮಾಡುವವರ ಚರ್ಮ ಸುಲಿಯುತ್ತ ಬಂದಿದ್ದೇನೆ. ಸೋರುವ ನಲ್ಲಿ ಕೂರಿಸಿದವನು, ಮುಚ್ಚದ ಬಾಗಿಲು ಮಾಡಿದವನು, ಮೂರು ಕಾಲು ಸಮ ಒಂದು ಕಾಲು ಗಿಡ್ಡ ಎಂಬಂಥ ಮೇಜು ಮಾರಿದವನು, ಯಾರನ್ನೂ ಬಿಟ್ಟವನಲ್ಲ. ಬರವಣಿಗೆಯನ್ನು ಯಾವ ಮೇಷ್ಟ್ರೂ ನನಗೆ ಕಲಿಸಲಿಲ್ಲ. ಸಿಟ್ಟೇ ಕಲಿಸಿತು.

ಜೀಪು ಹಳೆಯದು. ಅದನ್ನು ಗುಡ್ಡ, ಕಲ್ಲು, ಹಳ್ಳ ಎಲ್ಲ ಹತ್ತಿಳಿಯುವ ಹಾಗೆ ಮಾಡಿಕೊಟ್ಟವನು ನಮ್ಮ ಬೀದಿ ಮೂಲೆಯ ಹಳದಿ ಬಾಗಿಲಿನ ಶೆಡ್ಡಿನ ಮೆಕ್ಯಾನಿಕ್. ಬೀದಿಯೆಲ್ಲ ಅವನನ್ನು ನಟ್ಟಣ್ಣ ಅನ್ನುತ್ತದೆ. ನಾಲ್ಕು ಬೆರಳು ಎತ್ತರ ಏರಿಸಿದ, ದಪ್ಪ ಟೈರು ಹಾಕಿದ, ಹೊಸ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರ್ ಕೂರಿಸಿದ. ಈ ಶಾಕ್ ಅಬ್ಸಾರ್ಬರುಗಳ ವಿಶೇಷವೆಂದರೆ ಒಂದೊಂದಕ್ಕೂ ಒಂದೊಂದು ತಿರುಪು. ಬಲಕ್ಕೆ ತಿರುಗಿಸಿದರೆ ಗಟ್ಟಿ, ಎಡಕ್ಕೆ ತಿರುಗಿಸಿದರೆ ಮೆತ್ತಗೆ. ತಿರುಗಿಸುವಾಗ 'ಕಟ್ ಕಟ್' ಅನ್ನುತ್ತದೆ. ಒಟ್ಟು ಇಪ್ಪತ್ತು ಕಟ್. ಮುಂದಿನ ಎರಡು ತಿರುಪು ಬಾನೆಟ್ ಎತ್ತಿದರೆ ಮೇಲುಗಡೆಯೇ ನಿಮ್ಮ ಮುಖ ನೋಡುತ್ತ ಕೂತಿರುತ್ತವೆ. ಹಿಂದಿನ ಎರಡು ತಿರುಪು ಮಾತ್ರ ಟೈರಿನ ಹಿಂದೆ, ತಳದಲ್ಲಿ, ಭೂಮಿತಾಯಿಯ ಮುಖ ನೋಡುತ್ತ ತಲೆಕೆಳಗಾಗಿ ನೇತಾಡುತ್ತವೆ. ಇದನ್ನು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

"ಸಾರ್, ಎಲ್ಲಾನೂ ಹತ್ತರಲ್ಲಿ ಇಟ್ಟಿದೀನಿ" ಎಂದಿದ್ದ ನಟ್ಟಣ್ಣ. "ಕಲ್ಲುದಾರೀಲಿ ಒಂದು ಸುತ್ತು ಹೊಡೆದು ಬನ್ನಿ. ಎಲ್ಲಿ ಕುಲುಕ್ತು, ಎಲ್ಲಿ ಒದೀತು, ಬರ್ಕೊಂಡು ಬನ್ನಿ. ನೋಡಿ ಹದ ಮಾಡಿಕೊಡ್ತೀನಿ."

ಬರ್ಕೊಂಡು ಬರಬೇಕಂತೆ! ಬರೆಯುವುದನ್ನು ಇವನು ನನಗೆ ಹೇಳಿಕೊಡುವುದೆ? ಆ ಕ್ಷಣದಲ್ಲೇ ತೀರ್ಮಾನಿಸಿದೆ. ಹದ ಮಾಡುವುದೂ ನಾನೇ!

ಊರಾಚೆ ಹಳೇ ಕಲ್ಲುಕ್ವಾರಿಯ ದಾರಿ. ಪಕ್ಕದಲ್ಲಿ ಹೆಂಡತಿ, ಮಡಿಲಲ್ಲಿ ನೋಟ್‌ಬುಕ್. ಹಿಂದಿನ ಸೀಟಿನಲ್ಲಿ ಅತ್ತೆ, ಬೆಲ್ಟು ಬಿಗಿದು, ಕೈಯಲ್ಲಿ ಕಂಠಮಟ್ಟ ನೀರು ತುಂಬಿದ ಸ್ಟೀಲ್ ಜಗ್. ತುಳುಕಿದ ನೀರೇ ಅಳತೆ! ಈ ಉಪಾಯಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಮೊದಲ ಹಳ್ಳದಲ್ಲಿ ಜೀಪಿನ ಮೂತಿ ಸ್ವಲ್ಪ ಕುಲುಕಿತು. ಎರಡನೆಯದರಲ್ಲಿ ಹಿಂಬದಿ ಒಂದು ಸಲ ಒದೆಯಿತು.

"ಅಮ್ಮಾ, ಎಷ್ಟು ಹೋಯ್ತು?"

"ಕಾಲು ಜಗ್ಗು. ಎಲ್ಲ ನನ್ನ ಮೊಣಕಾಲ ಮೇಲೇ ಇದೆ, ಎಲ್ಲೂ ಹೋಗಿಲ್ಲ."

ಮನೆಗೆ ಬಂದು ಟಿಪ್ಪಣಿ ಹೋಲಿಸಿದೆವು. ಅವಳ ಪುಸ್ತಕದಲ್ಲಿ: 'ಎರಡನೇ ಹಳ್ಳ. ವೇಗ ಹದಿನೈದು. ಹಿಂದೆ ಒಂದು ಒದೆತ. ನೀರು ಕಾಲು ಭಾಗ. ಅಮ್ಮ ಎರಡು ಬೆರಳು ಮೇಲೆ.' ನನ್ನ ಪುಸ್ತಕದಲ್ಲಿ: 'ಹಿಂಬದಿ: ಅಕ್ಷಮ್ಯ!'

"ಅಕ್ಷಮ್ಯ ಅಂದ್ರೆ ಎಷ್ಟು ಕಟ್ ರೀ?"

ಶೈಲಿ ಅರ್ಥವಾಗದವರ ಹತ್ತಿರ ವಾದ ಮಾಡಬಾರದು.

ಬಾನೆಟ್ ಎತ್ತಿದೆ. ಮುಂದಿನ ತಿರುಪುಗಳನ್ನು ಎಡಕ್ಕೆ ಎರಡು ಕಟ್. ಮತ್ತೆ ಕ್ವಾರಿಗೆ ಹೋದೆವು. ಆಹಾ! ಮೂತಿ ತೊಟ್ಟಿಲಿನ ಹಾಗೆ ತೇಲಿತು! ಹೆಂಡತಿಯ ಹುಬ್ಬೇ ಮೇಲೇರಿತು. ನನ್ನ ಕೊರಳಪಟ್ಟಿಯೂ ಮೇಲೇರಿತು.

ಇನ್ನು ಹಿಂದಿನದು. ಟೈರಿನ ಮೇಲಿಂದ ಬಗ್ಗಿ, ಭುಜದವರೆಗೂ ಕೈ ಇಳಿಸಿ, ತಡಕಾಡಿ ತಿರುಪು ಹಿಡಿದೆ.

"ರೀ, ಕೆಳಗೆ ಮಲಗಿ ನೋಡ್ಕೊಂಡು ಮಾಡಬೇಕೇನೋ. ನಟ್ಟಣ್ಣ ಗೋಣಿಚೀಲ ಹಾಸ್ಕೊಂಡು ಮಲಗ್ತಿದ್ರು."

"ಹನ್ನೊಂದು ವರ್ಷದಲ್ಲಿ ಯಾರ ಮುಂದೂ ಅಡ್ಡಬಿದ್ದವನಲ್ಲ ನಾನು! ಮಂತ್ರಿಗೆ ಬಿದ್ದಿಲ್ಲ, ಸಂಪಾದಕರಿಗೆ ಬಿದ್ದಿಲ್ಲ. ಒಂದು ಶಾಕ್ ಅಬ್ಸಾರ್ಬರಿಗೆ ಬೀಳಲೇನೆ?"

"ಅಳಿಯಂದ್ರೇ, ಒಂದು ಮಾತು..." ಅತ್ತೆ ಕುರ್ಚಿಯಿಂದ ಬಾಯಿ ತೆರೆದರು.

"ಅತ್ತೆ, ನೀವು ಜಗ್ ಹಿಡ್ಕೊಳ್ಳಿ ಸಾಕು. ತಾಂತ್ರಿಕ ವಿಷಯ ನನಗೆ ಬಿಡಿ."

ಬಿಟ್ಟರು.

ಎಡಕ್ಕೆ ಐದು ಕಟ್. ಕ್ವಾರಿ. ಹಿಂಬದಿ ಕತ್ತೆ ಝಾಡಿಸಿದ ಹಾಗೆ ಝಾಡಿಸಿತು. ಜಗ್ ಅರ್ಧ ಖಾಲಿ. ಮೆತ್ತಗೆ ಮಾಡಿದಷ್ಟೂ ಗಟ್ಟಿಯಾಗುವುದೆ? ಇದೆಂಥ ಮೊಂಡು ವಸ್ತು! ಸಿಟ್ಟು ನೆತ್ತಿಗೇರಿತು. ಮತ್ತೆ ಐದು ಕಟ್, ಎಡಕ್ಕೇ! ತಿರುಪು ಇನ್ನು ತಿರುಗದೆ ನಿಂತಿತು. ಸರಿ, ಇದಕ್ಕಿಂತ ಮೆತ್ತಗೆ ಭೂಮಿಯ ಮೇಲೆ ಯಾವುದೂ ಇರಲಾರದು ಎಂದು ಮತ್ತೆ ಕ್ವಾರಿಗೆ ಹೊಡೆದೆ. ಎರಡನೇ ಹಳ್ಳದಲ್ಲಿ 'ಧಡಾರ್!' ಕನ್ನಡಿಯಲ್ಲಿ ನೋಡಿದರೆ ಅತ್ತೆ ಇಲ್ಲ, ಸೀರೆಯ ಅಂಚು ಮಾತ್ರ ಕಂಡಿತು. ಮರುಕ್ಷಣ ಅತ್ತೆ ಮೇಲಿನಿಂದ ಸೀಟಿಗೆ ಮರಳಿದರು. ಜಗ್ ನನ್ನ ತಲೆಯ ಮೇಲೆ ಬೋರಲಾಗಿತ್ತು.

"ಈಗ ಲೆಕ್ಕ ಬರ್ಕೋ" ಎಂದರು ಅತ್ತೆ ಮಗಳಿಗೆ. "ಅಮ್ಮ ಒಂದು ಗೇಣು. ನೀರು ಪೂರ್ತಿ. ಅಳಿಯ ಒದ್ದೆ."

ನನ್ನ ಕೋಪಕ್ಕೆ ಕಾರಣ ಬೇಕಿತ್ತು. ಕಾರಣ ಬೀದಿ ಮೂಲೆಯಲ್ಲೇ ಇತ್ತು. ನಟ್ಟಣ್ಣ! ಕೆಟ್ಟ ಮಾಲು ಕೂರಿಸಿದ್ದಾನೆ! ತಲೆ ಒರೆಸಿಕೊಳ್ಳದೆ ಬರೆಯಲು ಕೂತೆ. ಆ ಅಂಕಣವನ್ನು ನೀವು ಓದಿದ್ದೀರಿ: 'ನಂಬಿಕೆಯ ಬೋಲ್ಟು ಸಡಿಲಿಸುವವರು.' ಎಂಟು ನೂರು ಪದ. 'ಮನೆಯ ಹಿರಿಯ ಜೀವವೊಂದನ್ನು ಆಕಾಶಕ್ಕೆ ಎಸೆದ ಕೈಗಳು' ಎಂಬ ಸಾಲು ಬರೆದಾಗ ನನಗೇ ಮೈ ಜುಮ್ಮೆಂದಿತು. ಹೆಸರು ಹಾಕಲಿಲ್ಲ. ನಾನು ನ್ಯಾಯವಂತ. 'ಬೀದಿ ಮೂಲೆಯ ಹಳದಿ ಬಾಗಿಲು' ಎಂದಷ್ಟೇ ಬರೆದೆ.

ಅಂಕಣ ಅಚ್ಚಾಗಿ ನಾಲ್ಕು ದಿನವಾಗಿತ್ತು. ಹೆಂಡತಿ ಉತ್ತರಪತ್ರಿಕೆ ತಿದ್ದುತ್ತ, ತಲೆಯೆತ್ತದೆ ಹೇಳಿದಳು:

"ಬೇಕರಿಯವರು ವ್ಯಾನ್ ವಾಪಸ್ ತಗೊಂಡು ಹೋದ್ರಂತೆ. ನಮ್ಮ ಸ್ಕೂಲಿನ ಬಸ್ಸೂ ಇನ್ನು ಅಲ್ಲಿಗೆ ಬೇಡ ಅಂದ್ರು. ಶೆಡ್ಡಿನಲ್ಲಿ ಈಗ ಒಂದು ಗಾಡೀನೂ ಇಲ್ಲ."

"ಓದುಗರು ಎಚ್ಚೆತ್ತಿದ್ದಾರೆ!"

"ನಟ್ಟಣ್ಣನ ಕೈಲಿ ಒಂದು ಸಲ ನೋಡಿಸಿದ್ರಾ, ಬರೆಯೋ ಮೊದಲು?"

"ನಾನು ಹೆಸರು ಬರೆದಿಲ್ಲ."

"ಹಳದಿ ಬಾಗಿಲು ಬೀದೀಲಿ ಎಷ್ಟಿದೆ?"

"...ಒಂದು."

"ಸರಿ ಉತ್ತರ" ಎಂದು ಕೆಂಪು ಪೆನ್ನಿನಲ್ಲಿ ಗಾಳಿಯಲ್ಲೇ ಒಂದು ಗೆರೆ ಎಳೆದಳು.

ಮರುದಿನ ಶೆಡ್ಡಿನ ಮುಂದೆ ಹಾದುಹೋದೆ. ನಟ್ಟಣ್ಣ ಸ್ಟೂಲಿನ ಮೇಲೆ ಒಬ್ಬನೇ ಕೂತು ಸ್ಪ್ಯಾನರ್ ಒರೆಸುತ್ತಿದ್ದ. ಸಂಜೆ ವಾಪಸ್ ಬರುವಾಗಲೂ ಅದೇ ಸ್ಟೂಲು, ಅದೇ ಸ್ಪ್ಯಾನರ್, ಅದೇ ಒರೆಸುವಿಕೆ. ಅದಾದ ಮೇಲೆ ನಾನು ಹಿಂದಿನ ಬೀದಿಯಿಂದ ಓಡಾಡತೊಡಗಿದೆ. ಕಾಲಿಗೆ ವ್ಯಾಯಾಮ ಒಳ್ಳೆಯದು ಎಂದು ಮನೆಯಲ್ಲಿ ಹೇಳಿದೆ. ಯಾರೂ ಕೇಳಿರಲಿಲ್ಲ!

ಭಾನುವಾರ ಅವನೇ ಬಂದ. ಕಂಕುಳಲ್ಲಿ ಗೋಣಿಚೀಲವಿಲ್ಲ, ಪತ್ರಿಕೆ ಇತ್ತು. ಜಗಳಕ್ಕೆ ಬಂದ ಅಂತ ಎದೆ ಸೆಟೆಸಿದೆ. ಎಂಟು ನೂರು ಪದ ನಾಲಿಗೆಯ ಮೇಲೆ ಸಾಲಾಗಿ ನಿಂತವು.

"ಓದ್ದೆ ಸಾರ್. ಒಂದು ಸಲ ನೋಡ್ಬಹುದಾ?"

ನನ್ನ ಒಪ್ಪಿಗೆಗೂ ಕಾಯದೆ ಪತ್ರಿಕೆಯನ್ನು ಜೀಪಿನ ಹಿಂದೆ ನೆಲಕ್ಕೆ ಹಾಸಿದ. ನನ್ನ ಅಂಕಣ ಇರುವ ಪುಟ! 'ಹಿರಿಯ ಜೀವ' ಎಂಬ ಸಾಲಿನ ಮೇಲೆ ಬೆನ್ನಿಟ್ಟು ಒಳಗೆ ಸರಿದ. ಹಿಂಬದಿಯ ತಳದಿಂದ 'ಕಟ್ ಕಟ್ ಕಟ್' ಸದ್ದು ಬಂತು. ಒಂದು, ಎರಡು... ನನ್ನ ಹೆಂಡತಿ ಗಟ್ಟಿಯಾಗಿ ಎಣಿಸಿದಳು. ನಟ್ಟಣ್ಣ ಇಟ್ಟ ಲೆಕ್ಕಕ್ಕೆ, ಪೂರ್ತಿ ಸಡಿಲಾಗಿ ಹತ್ತಕ್ಕೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಇಪ್ಪತ್ತಕ್ಕೆ ನಿಂತಿತು.

"ಇಪ್ಪತ್ತಕ್ಕೆ ಇಪ್ಪತ್ತೂ ಗಟ್ಟಿ ಮಾಡಿದ್ರಲ್ಲ ಸಾರ್!" ಜೀಪಿನ ಕೆಳಗಿಂದ ದನಿ ಬಂತು. "ಇದು ಶಾಕ್ ಅಬ್ಸಾರ್ಬರ್ ಅಲ್ಲ ಈಗ, ಕಬ್ಬಿಣದ ಕಂಬ. ಯಾರು ತಿರುಗಿಸಿದ್ದು?"

"ನಾನೇ. ಎಡಕ್ಕೆ! ಮೆತ್ತಗಾಗೋ ಕಡೆಗೆ! ಮುಂದಿನದನ್ನೂ ಅದೇ ಕೈ, ಅದೇ ಎಡ. ಅದು ಸರಿಯಾಯ್ತಲ್ಲ?"

ಆಗ ಅತ್ತೆ ಎದ್ದು ಒಳಗೆ ಹೋದರು. ಅಂಗಿಯ ಗುಂಡಿಗಳು ತುಂಬಿದ ತಮ್ಮ ಹಳೇ ಗಾಜಿನ ಬಾಟಲಿ ತಂದು, ತಲೆಕೆಳಗೆ ಮಾಡಿ ನನ್ನ ಮುಂದೆ ಹಿಡಿದರು. ಮುಚ್ಚಳ ನೆಲದ ಕಡೆಗೆ.

"ಅಳಿಯಂದ್ರೇ, ಮೇಲಿಂದ ಕೈ ಹಾಕಿ ಇದನ್ನ ತೆಗೀರಿ. ಅವತ್ತು ಟೈರಿನ ಮೇಲಿಂದ ಹಾಕಿದ್ರಲ್ಲ, ಹಾಗೇ. ಎಡಕ್ಕೇ ತಿರುಗಿಸಿ."

ಎಡಕ್ಕೆ ತಿರುಗಿಸಿದೆ. ಮುಚ್ಚಳ ಬರಲಿಲ್ಲ. ಇನ್ನೂ ಬಲವಾಗಿ ತಿರುಗಿಸಿದೆ. ಇನ್ನೂ ಬಿಗಿಯಾಯಿತು! ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ರೋಷದಿಂದ ಬಲಕ್ಕೆ ತಿರುಗಿಸಿದೆ. ಮುಚ್ಚಳ ಬಂತು. ಅದರ ಹಿಂದೆ ನಲವತ್ತು ವರ್ಷದ ಗುಂಡಿಗಳೂ ಬಂದವು. ಪೋರ್ಟಿಕೊದ ತುಂಬ ಉರುಳಿದವು.

"ಬಟ್ಟೇನ ಒಳಮಗ್ಗಲಿಂದ ಹೊಲಿಯುವಾಗ ಎಡಗೈ ತೋಳು ಬಲಕ್ಕೆ ಬರತ್ತೆ. ತಲೆಕೆಳಗಾದ ತಿರುಪೂ ಹಾಗೇ, ಮೇಲಿನ ಎಡ ಅದಕ್ಕೆ ಬಲ" ಎಂದರು ಅತ್ತೆ. "ಕೆಲಸಕ್ಕೆ ಸೇರಿದ ಮೊದಲ ವಾರ ಎಲ್ಲರೂ ಮಾಡೋ ತಪ್ಪು. ಎರಡನೇ ವಾರ ಯಾರೂ ಮಾಡಲ್ಲ."

"ಅವತ್ತೇ ಹೇಳಬಾರದಿತ್ತಾ ಅತ್ತೆ!"

"ಜಗ್ ಹಿಡ್ಕೊಳ್ಳಿ ಅಂದ್ರಿ. ಹಿಡ್ಕೊಂಡೆ."

ಯಾರೂ ನಗಲಿಲ್ಲ. ನಕ್ಕಿದ್ದರೆ ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು. ಮಂಡಿಯೂರಿ ಗುಂಡಿ ಹೆಕ್ಕತೊಡಗಿದೆ. ಒಂದು ಜೀಪಿನ ಕೆಳಗೆ ನಟ್ಟಣ್ಣನ ಕಿವಿಯ ಪಕ್ಕ ನಿಂತಿತ್ತು. ಅದನ್ನು ಎತ್ತಲು ಬಗ್ಗಿದಾಗ ಅವನ ಮುಖ ಕಂಡಿತು. ಅಲ್ಲಿ ಕೋಪ ಇರಲಿಲ್ಲ. ಸುಸ್ತು ಇತ್ತು. ನಾಲ್ಕು ಬಾರಿ ಕ್ವಾರಿಗೆ ಹೋಗಿದ್ದೆ ನಾನು. ಇಪ್ಪತ್ತು ಹೆಜ್ಜೆ ದೂರದ ಆ ಶೆಡ್ಡಿಗೆ ಒಂದು ಬಾರಿಯೂ ಹೋಗಿರಲಿಲ್ಲ.

ಆ ಮಧ್ಯಾಹ್ನವೇ ತಿದ್ದುಪಡಿ ಬರೆದೆ. 'ತಾಂತ್ರಿಕ ಗೊಂದಲದಿಂದ ಕಳೆದ ಅಂಕಣದಲ್ಲಿ ಕೆಲವು ಅಂಶಗಳು ನುಸುಳಿದ್ದು, ವಿಷಾದಿಸುತ್ತೇವೆ.' ಹೆಂಡತಿಗೆ ತೋರಿಸಿದೆ. ಕೆಂಪು ಪೆನ್ನು ಎತ್ತಿದಳು.

"'ನುಸುಳಿದ್ದು' ಅಂದ್ರೆ? ಅಂಶಗಳು ತಾವಾಗೇ ಬಂದ್ವಾ? 'ವಿಷಾದಿಸುತ್ತೇವೆ' ಅಂದ್ರೆ ಯಾರ್ಯಾರು? ನಾನು ಮತ್ತೆ ಅಮ್ಮ ವಿಷಾದಿಸ್ತಾ ಇಲ್ಲ. ಮತ್ತೆ, ಬೈದಿದ್ದು ಎಂಟು ನೂರು ಪದ. ತಪ್ಪಾಯ್ತು ಅನ್ನೋಕೆ ಎಂಟೇ ಪದವಾ?"

"ಜಾಗ ಕೊಡಬೇಕಲ್ಲ ಸಂಪಾದಕರು!"

"ಅದೇ ಜಾಗ ನಿಮ್ದೇ ಅಲ್ವಾ? ಹನ್ನೊಂದು ವರ್ಷದಿಂದ?"

ಸೊನ್ನೆ ಹಾಕಿ ವಾಪಸ್ ಕೊಟ್ಟಳು. ಹಾಗಾಗಿ ಈ ವಾರ, ಅದೇ ಜಾಗದಲ್ಲಿ, ಅದೇ ಅಕ್ಷರದ ಗಾತ್ರದಲ್ಲಿ, ನೀವು ಓದುತ್ತಿರುವುದು ಇದು. ನಟ್ಟಣ್ಣನ ಕೆಲಸದಲ್ಲಿ ಒಂದು ತಿರುಪಿನಷ್ಟೂ ತಪ್ಪಿರಲಿಲ್ಲ. ತಪ್ಪು ನನ್ನದು. ಬರೆದವನೂ ನಾನೇ, ತಿರುಗಿಸಿದವನೂ ನಾನೇ.

ಆದರೆ ನಟ್ಟಣ್ಣನಿಗೆ ಬರವಣಿಗೆ ಸಾಲದಾಯಿತು!

"ಓದಿದವರೆಲ್ಲ ಮತ್ತೆ ಓದ್ತಾರೆ ಅಂತ ಏನು ಗ್ಯಾರಂಟಿ ಸಾರ್? ಜೀಪನ್ನ ನನ್ನ ಶೆಡ್ಡಿನ ಮುಂದೆ ತನ್ನಿ. ನಾನು ಹೇಳ್ತೀನಿ, ನೀವೇ ತಿರುಗಿಸಿ. ಮಲಗಿಕೊಂಡು."

ಹೀಗಾಗಿ ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ, ಬೀದಿಗೆ ಬೀದಿಯೇ ಕೆಲಸಕ್ಕೆ ಹೊರಡುವ ಹೊತ್ತಿಗೆ, ಮಂತ್ರಿಗೂ ಅಡ್ಡಬೀಳದ ನಾನು ಹಳದಿ ಬಾಗಿಲಿನ ಮುಂದೆ ಜೀಪಿನ ಕೆಳಗೆ ಅಂಗಾತ ಬಿದ್ದಿದ್ದೆ. ಎರಡು ಕಾಲು ಮಾತ್ರ ಬೀದಿಗೆ ಕಾಣುತ್ತಿದ್ದವು. ಅತ್ತೆ ಹಿಂದಿನ ಸೀಟಿನಲ್ಲಿ, ತುಂಬಿದ ಜಗ್ಗಿನೊಂದಿಗೆ.

"ಒಂಬತ್ತರಲ್ಲಿ ನಿಲ್ಸಿ. ಇನ್ನೊಂದು ಮೆತ್ತಗೆ. ಹಾಂ, ಎಂಟು, ಸಾಕು" ಎನ್ನುತ್ತಿದ್ದ ನಟ್ಟಣ್ಣ. ಎಣ್ಣೆಯ ಹನಿಯೊಂದು ಹದವಾಗಿ ನನ್ನ ಮೂಗಿನ ಮೇಲೆ ಬಿತ್ತು. ಕನ್ನಡಕದ ಮೇಲೆ ಮಣ್ಣು.

ಪಕ್ಕದಲ್ಲೇ ಒಂದು ವ್ಯಾನ್ ಬಂದು ನಿಂತ ಸದ್ದು. ಬೇಕರಿಯವನ ದನಿ.

"ನಟ್ಟಣ್ಣ, ಬೇರೆ ಕಡೆ ಕೊಟ್ಟು ಕೆಟ್ಟೆ ಕಣಯ್ಯ. ಹಿಂದಿನ ಬಾಗಿಲೇ ಮುಚ್ಚಲ್ಲ ಈಗ. ದಾರಿಯುದ್ದಕ್ಕೂ ಬನ್ನು ಬಿದ್ದಿದೆ. ಆ ಅಂಕಣ ಬರೆದವನು ಕೈಗೆ ಸಿಗಲಿ, ಹೇಳ್ತೀನಿ! ಯಾರಿದು ಕೆಳಗೆ? ಹೊಸ ಕೆಲಸದವನಾ?"

ನಟ್ಟಣ್ಣ ಸ್ಪ್ಯಾನರ್ ಒರೆಸುವ ಸದ್ದು ಕೇಳಿಸಿತು. ಅವನು ನನ್ನನ್ನು ಹಿಡಿದುಕೊಡುವವನಲ್ಲ. ಅದೇ ನನಗೆ ತಡೆಯಲಾಗಲಿಲ್ಲ.

"ಆ ಅಂಕಣ ಬರೆದವನು ನಾನೇ ಸ್ವಾಮಿ" ಎಂದವು ನನ್ನ ಕಾಲುಗಳು. "ತಪ್ಪು ನನ್ನದೇ. ವ್ಯಾನು ಇಲ್ಲೇ ಬಿಟ್ಟುಹೋಗಿ."

ಬೇಕರಿಯವನು ಬಗ್ಗಿ ನೋಡಿದ. ಎಣ್ಣೆ ಬಿದ್ದ ನನ್ನ ಮೂಗನ್ನು ಬಹಳ ಹೊತ್ತು ಪರೀಕ್ಷಿಸಿದ. ಆಮೇಲೆ ವ್ಯಾನಿನ ಕೀಲಿ ನಟ್ಟಣ್ಣನ ಕೈಗೆ ಬಿದ್ದ ಸದ್ದು ಕೇಳಿಸಿತು.

"ಹೇಗಿದಾನೆ ಕೆಲಸದಲ್ಲಿ?"

"ಕೈ ಪರವಾಗಿಲ್ಲ" ಎಂದ ನಟ್ಟಣ್ಣ. "ಬಾಯಿ ಸ್ವಲ್ಪ ಗಟ್ಟಿ. ಎರಡು ಕಟ್ ಸಡಿಲ ಮಾಡ್ಬೇಕು."

ತಕ್ಷಣ ನನ್ನ ತಲೆಯ ಮೇಲಿಂದ, ಸೀಟಿನ ತಳದಾಚೆಯಿಂದ, ಅತ್ತೆಯ ದನಿ ಬಂತು:

"ನಟ್ಟಣ್ಣ, ಅದನ್ನ ನೀವೇ ಮಾಡಿ. ಅವರ ಕೈಗೆ ಕೊಡಬೇಡಿ!"